ಗುಂಡ, ಮಾವಿನ ಓಟೆ ಮತ್ತು ನನ್ನ ಹೆಬ್ಬೆರಳು

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸುತ್ತಿದೆಯಾ? ಫ್ಯಾನ್ ಸದ್ದು ಜಾಸ್ತಿಯಾದರೆ ಫ್ಯಾನ್ ಆರಿಸಿ. ನನ್ನನ್ನು ಆರಿಸಬೇಡಿ.

ಇವತ್ತು ಸೆಪ್ಟೆಂಬರ್ 28, ವಿಶ್ವ ರೇಬಿಸ್ ದಿನ. 1895ರಲ್ಲಿ ಲೂಯಿ ಪಾಶ್ಚರ್ ತೀರಿಕೊಂಡ ದಿನ. ಈ ದಿನ ಪಶುವೈದ್ಯನನ್ನು ಕರೆದರೆ ಏನು ಹೇಳುತ್ತಾನೆ ಅಂತ ನಿಮಗೆಲ್ಲ ಬಾಯಿಪಾಠ. ಲಸಿಕೆ ಹಾಕಿಸಿ, ಗಾಯ ತೊಳೆಯಿರಿ, ನಾಯಿ ಕಂಡರೆ ಓಡಬೇಡಿ. ಬಡಾವಣೆ ಸಂಘದವರೂ ಅದನ್ನೇ ಮಾತಾಡಿ ಅಂದಿದ್ದರು. ಕೊನೆಗೆ ಹೇಳುತ್ತೇನೆ. ಮರೆತರೆ ನೆನಪಿಸಿ.

ಹೋದ ತಿಂಗಳು ನಮ್ಮ ಹಿಂದಿನ ರಸ್ತೆಯಲ್ಲಿ ಒಂದು ಸಂಗತಿ ನಡೆಯಿತು. 7 ತಿಂಗಳ ಲ್ಯಾಬ್ರಡಾರ್. ಮನೆಯ ಹುಡುಗ ಅದರ ಊಟದ ಬಟ್ಟಲಿಗೆ ಕೈ ಹಾಕಿದ, ಅದು ಕಚ್ಚಿತು. ಎರಡು ಹಲ್ಲಿನ ಗುರುತು. ಮಾರನೇ ದಿನ ಬೆಳಗ್ಗೆ ಅದನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ರಿಂಗ್ ರೋಡಿನ ಆಚೆ ಇಳಿಸಿ ಬಂದರು. ಕತ್ತಿನಲ್ಲಿ ಕೆಂಪು ಬೆಲ್ಟ್ ಹಾಗೇ ಇತ್ತು. ವಾಕಿಂಗ್ ಅಂದುಕೊಂಡು ಬಾಲ ಅಲ್ಲಾಡಿಸುತ್ತಾ ಇಳಿಯಿತಂತೆ. ಇದನ್ನು ಕೇಳಿದ ಮೇಲೆ ಬೇರೆ ವಿಷಯ ಮಾತಾಡಲು ನನಗೆ ಮನಸ್ಸೇ ಬರಲಿಲ್ಲ.

ಅವರು ಕೆಟ್ಟ ಜನ ಅಲ್ಲ. ಅವರಿಗೆ ಯಾರೋ ಹೇಳಿದ್ದರು: ಮರಿ ಇರುವಾಗಲೇ ಬಟ್ಟಲಿಗೆ ಕೈ ಹಾಕಿ ಅಭ್ಯಾಸ ಮಾಡಿಸಿ, ತಿನ್ನುವಾಗ ಮಧ್ಯೆ ಬಟ್ಟಲು ಎತ್ತಿಕೊಳ್ಳಿ, ಯಜಮಾನ ಯಾರು ಅಂತ ಗೊತ್ತಾಗಲಿ. ಯಾರೋ ಅಂದೆ, ಆ ಯಾರೋ ನಾನೇ ಇದ್ದರೂ ಇರಬಹುದು. ಇಲಾಖೆಯಲ್ಲಿದ್ದಾಗ ವರ್ಷಗಟ್ಟಲೆ ಈ ಸಲಹೆಯನ್ನು ಪುಕ್ಕಟೆ ಹಂಚಿದ್ದೇನೆ. ನಾನು ಕೆಲಸ ಮಾಡಿದ್ದು ದನ, ಕುರಿ, ಕೋಳಿ ನಡುವೆ. ನಾಯಿಗೆ ಬರುವ ರೋಗ ಗೊತ್ತಿತ್ತು. ನಾಯಿ ಏನು ಯೋಚಿಸುತ್ತದೆ ಅಂತ ಕೇಳಿಕೊಳ್ಳಲು ಪುರಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ನನಗೆ ಬುದ್ಧಿ ಕಲಿಸಿದ್ದು ಒಂದು ಮಾವಿನ ಓಟೆ.

ನಮ್ಮ ಗುಂಡನ ಅಪ್ಪ ಯಾರೋ ಗೊತ್ತಿಲ್ಲ. ಅಮ್ಮ ರಸ್ತೆ ಕೊನೆಯ ಗ್ಯಾರೇಜಿನ ಕರಿ ನಾಯಿ. ಅಪ್ಪಟ ಕಂತ್ರಿ. ಆಗ ಅವನಿಗೆ ಐದೂವರೆ ತಿಂಗಳು. ಮೇ ತಿಂಗಳು, ರಸಪುರಿ ಕಾಲ. ರಸಪುರಿಯನ್ನು ಹೋಳು ಮಾಡಿ ತಿನ್ನುವವರು ಮೈಸೂರಿನ ಈ ಹಾಲ್‌ನಲ್ಲಿ ಯಾರೂ ಇರಲಾರರು. ಹಿಸುಕಿ ಹೀರಬೇಕು. ಅವತ್ತು ಅಕ್ಕ ಭಾವ ಬಂದಿದ್ದರು. ನಮ್ಮ ಭಾವ ಓಟೆಯ ನಾರು ಬೆಳ್ಳಗೆ ಕಾಣುವ ತನಕ ಬಿಡುವವರಲ್ಲ. ಅವರ ಕೈಯಿಂದ ನಾಯಿಗೆ ಏನಾದರೂ ಸಿಕ್ಕಿತು ಅಂದರೆ ಅದು ಪವಾಡ. ಪವಾಡ ನಡೆದೇ ಹೋಯಿತು, ಫೋನ್ ಬಂತು ಅಂತ ಅವರು ಎದ್ದಾಗ ತಟ್ಟೆಯಿಂದ ಒಂದು ಓಟೆ ಜಾರಿತು. ಗುಂಡ ಅದನ್ನು ಕಚ್ಚಿಕೊಂಡು ಸೀದಾ ರೂಮಿನ ಮಂಚದ ಕೆಳಗೆ.

ಮಾವಿನ ಓಟೆ ಅಂದರೆ ನಮ್ಮಂಥವರ ಎದೆ ಧಸಕ್ ಅನ್ನುತ್ತದೆ. ನಾಯಿ ನುಂಗಿದರೆ ಕರುಳಿಗೆ ಅಡ್ಡ ಕೂತುಬಿಡುತ್ತದೆ. ಆಮೇಲೆ ಹೊಟ್ಟೆ ಕೊಯ್ದೇ ತೆಗೆಯಬೇಕು. ನಾನು ಓಡಿದೆ, ಮಂಡಿಯೂರಿ ಬಗ್ಗಿದೆ. ಮೂಲೆಯಲ್ಲಿ ಹಳೇ ಟ್ರಂಕು, ಅದಕ್ಕೆ ಒರಗಿಕೊಂಡು ಗುಂಡ. ಓಟೆಯ ಮೇಲೆ ಎರಡೂ ಮುಂಗಾಲು.

ಇಲ್ಲಿಂದ ಸ್ವಲ್ಪ ಗಮನ ಕೊಡಿ. ನನ್ನನ್ನು ಕಂಡ ತಕ್ಷಣ ಅವನು ನೆಕ್ಕುವುದನ್ನು ನಿಲ್ಲಿಸಿದ. ಮೈ ಕಲ್ಲಿನ ಹಾಗಾಯಿತು. ತಲೆ ಎತ್ತಲಿಲ್ಲ, ಕಣ್ಣು ಮಾತ್ರ ನನ್ನ ಕಡೆ ಓರೆ ಮಾಡಿದ. ಕಣ್ಣಿನ ಬಿಳಿ ಭಾಗ ಬಿದಿಗೆ ಚಂದ್ರನ ಹಾಗೆ ಕಂಡಿತು. ನಾನು ಕೈ ಚಾಚಿದೆ. ಮೇಲ್ತುಟಿ ಒಂದು ಕಡೆ ಎದ್ದಿತು. ಆಮೇಲೆ ಗುರ್‌ರ್. ಅಂದರೆ ಅವನು ಒಂದಾದ ಮೇಲೊಂದು ನಾಲ್ಕು ಸಲ ಬೇಡ ಅಂದ. ನಾನು ಏನಂದೆ? "ನಂಗೇ ಗುರ್ ಅಂತೀಯೇನೋ? ಅನ್ನ ಹಾಕೋ ಕೈ ಕಣೋ ಇದು!" ಅಂದು ಕೈ ಒಳಗೆ ತೂರಿಸಿದೆ.

ಅನ್ನ ಹಾಕುವ ಕೈಯನ್ನೇ ಕಚ್ಚಿದ. ಹೆಬ್ಬೆರಳಿನ ಬುಡದಲ್ಲಿ. ಈ ಗುರುತು ದೂರಕ್ಕೆ ಕಾಣುವುದಿಲ್ಲ, ಟೀ ಹೊತ್ತಿಗೆ ತೋರಿಸುತ್ತೇನೆ. ಭಾವ ಫೋನ್ ಮುಗಿಸಿ ಬಂದು, ರಕ್ತ ನೋಡಿ, "ಡಾಕ್ಟ್ರೇ, ಈಗ ಯಾವ ಡಾಕ್ಟ್ರ ಹತ್ರ ಹೋಗ್ತೀರಿ?" ಅಂದರು.

ಆಗ ನಮ್ಮಮ್ಮ ಬಂದರು. ಎಂಬತ್ತು ದಾಟಿದ್ದರು. ಕೈಯಲ್ಲಿ ಬೆಳಗಿನ ದೋಸೆಯ ಒಂದು ತುಂಡು, ತುಪ್ಪ ಸವರಿಕೊಂಡು ತಂದಿದ್ದರು. ಮಂಚದ ಹತ್ತಿರ ಹೋಗಲೇ ಇಲ್ಲ. ಹೊಸಿಲ ಪಕ್ಕ ಕೂತು, ನಾಯಿಯ ಕಡೆ ನೋಡದೆ, ಒಂದು ಚೂರು ಎಸೆದರು. ಇನ್ನೊಂದು ಸ್ವಲ್ಪ ಈಚೆಗೆ. ಮೂರನೆಯದು ಇನ್ನೂ ಈಚೆಗೆ. ಗುಂಡ ಓಟೆ ನೋಡಿದ, ದೋಸೆ ನೋಡಿದ, ಮತ್ತೆ ಓಟೆ ನೋಡಿದ. ಮೂರನೇ ಚೂರಿಗೆ ಬಾಲ ಅಲ್ಲಾಡಿಸುತ್ತಾ ಹೊರಗೆ ಬಂದ. ಅವನು ಅಮ್ಮನ ಹಿಂದೆ ನಡುಮನೆಗೆ ಹೋದ ಮೇಲೆ ಅಕ್ಕ ಬಾಗಿಲು ಹಾಕಿ ಪೊರಕೆಯಲ್ಲಿ ಓಟೆ ಎಳೆದಳು.

ಅಮ್ಮ ನನಗೆ ಹೇಳಿದ್ದು ಇಷ್ಟೇ: "ನೀನು ಚಿಕ್ಕೋನಿದ್ದಾಗ ಕತ್ತರಿ ಹಿಡ್ಕೊಂಡ್ರೆ ಬೆಲ್ಲ ತೋರಿಸ್ತಿದ್ದೆ. ಕಿತ್ಕೊಂಡಿದ್ರೆ ನಿನ್ನ ಬೆರಳೂ ಹೋಗ್ತಿತ್ತು, ನನ್ನ ಬೆರಳೂ ಹೋಗ್ತಿತ್ತು."

ಕಿತ್ಕೋಬೇಡಿ. ಇವತ್ತು ನಾನು ಹೇಳಬೇಕಾದ್ದು ಇದೊಂದೇ. ಉಳಿದದ್ದೆಲ್ಲ ಒಗ್ಗರಣೆ.

ಊಟಕ್ಕೆ ಕೂತವರನ್ನು ಎಬ್ಬಿಸಬಾರದು ಅನ್ನುವ ಜನ ನಾವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ವರ್ಷಗಟ್ಟಲೆ ಕೊರಗುವ ಜನ. ನಾಯಿಯ ಬಾಯಿಗೇ ಬಂದ ತುತ್ತನ್ನು ಎಳೆದುಕೊಳ್ಳುತ್ತೇವೆ, ಅದೂ ದಿನಾ, ಅಭ್ಯಾಸ ಆಗಲಿ ಅಂತ! ನಾಯಿಗೆ ಏನು ಅಭ್ಯಾಸ ಆಗುತ್ತದೆ? ಮನುಷ್ಯ ಹತ್ತಿರ ಬಂದರೆ ಊಟ ಹೋಗುತ್ತದೆ ಅಂತ. ಮೊದಲು ಬೇಗ ಬೇಗ ನುಂಗುತ್ತದೆ. ಆಮೇಲೆ ಬಟ್ಟಲ ಮೇಲೆ ಬಗ್ಗಿ ಮೈ ಬಿಗಿ ಮಾಡುತ್ತದೆ. ಆಮೇಲೆ ಗುರ್. ಗುರ್ ಅಂದರೆ ಹೊಡೆಯುತ್ತೇವೆ. ಅಲ್ಲಿಗೆ ಗುರ್ ನಿಲ್ಲುತ್ತದೆ, ಭಯ ನಿಲ್ಲುವುದಿಲ್ಲ. "ಬೊಗಳುವ ನಾಯಿ ಕಚ್ಚುವುದಿಲ್ಲ" ಅಂತ ಗಾದೆ ಇದೆಯಲ್ಲ, ನಾವು ಹೊಡೆದು ಹೊಡೆದು ಬೊಗಳುವುದನ್ನು ಬಿಡಿಸಿ, ಸುಮ್ನೆ ಬಂದು ಕಚ್ಚುವ ನಾಯಿಯನ್ನು ತಯಾರು ಮಾಡುತ್ತೇವೆ. ಆಮೇಲೆ "ಏನೂ ಸೂಚನೆ ಕೊಡದೆ ಕಚ್ಚಿಬಿಡ್ತು ಸಾರ್" ಅಂತ ಬರುತ್ತೇವೆ. ಸೂಚನೆ ಕೊಡುವ ಬಾಯಿ ಮುಚ್ಚಿಸಿದ್ದು ಯಾರು?

ಇದರ ಜೊತೆಗೆ ಆಲ್ಫಾ ಅಂತ ಒಂದು ಶಬ್ದ ಬಂದು ಕೂತಿದೆ. ಅಂದರೆ ಜಗಳ ಆಡಿ ಗುಂಪಿನ ಯಜಮಾನ ಆದವನು. ಮೊಬೈಲ್ ನೋಡುವ ಯುವಕರು ಬಂದು "ಅಂಕಲ್, ನಾನೇ ಆಲ್ಫಾ ಅಂತ ತೋರಿಸ್ಬೇಕು" ಅನ್ನುತ್ತಾರೆ. ಈ ಕಥೆ ಶುರುವಾಗಿದ್ದು ರುಡಾಲ್ಫ್ ಶೆಂಕೆಲ್ ಅನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ 1947ರಲ್ಲಿ ಬರೆದದ್ದರಿಂದ. ಒಂದೇ ಆವರಣದಲ್ಲಿ ಕೂಡಿ ಹಾಕಿದ ತೋಳಗಳು. ಜಗಳ ಆಡದೆ ಇನ್ನೇನು ಮಾಡುತ್ತವೆ? ಬಸ್ ಸ್ಟ್ಯಾಂಡ್ ನೋಡಿ ಮನುಷ್ಯರ ಸಂಸಾರ ಹೀಗೆ ಅಂತ ಬರೆದ ಹಾಗೆ. ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ 1970ರಲ್ಲಿ ಇದನ್ನು ಜನಪ್ರಿಯ ಮಾಡಿದರು. ಆಮೇಲೆ ಕಾಡಿನ ತೋಳಗಳ ಜೊತೆ ವರ್ಷಗಟ್ಟಲೆ ಇದ್ದು, 1999ರಲ್ಲಿ ಅವರೇ ಆ ಶಬ್ದ ಸರಿಯಲ್ಲ ಅಂದರು. ಅಲ್ಲಿರುವುದು ಅಪ್ಪ, ಅಮ್ಮ, ಮಕ್ಕಳ ಸಂಸಾರ. ಬರೆದವರೇ ಬಿಟ್ಟರು, ನಾವು ಹಿಡಿದುಕೊಂಡು ಕೂತಿದ್ದೇವೆ. ಅದೂ ತೋಳಕ್ಕಲ್ಲ, ರಸ್ಕ್ ತಿನ್ನುವ ನಾಯಿಮರಿಗೆ.

ಸರಿ, ಏನು ಮಾಡಬೇಕು? ನಾಯಿ ತಿನ್ನುತ್ತಿದೆ. ಎಷ್ಟು ದೂರದಲ್ಲಿ ನಿಂತರೆ ಅದು ನಿಮ್ಮನ್ನು ಲೆಕ್ಕಕ್ಕೇ ಇಡದೆ ಆರಾಮಾಗಿ ತಿನ್ನುತ್ತದೆ ನೋಡಿ. ಆರಡಿ ಇರಬಹುದು, ಹತ್ತಡಿ ಇರಬಹುದು. ಅಲ್ಲಿಂದಲೇ ಬಟ್ಟಲಿನಲ್ಲಿ ಇರುವುದಕ್ಕಿಂತ ರುಚಿಯಾದ ಒಂದು ಚೂರು ಎಸೆಯಿರಿ. ಬೇಯಿಸಿದ ಕೋಳಿ, ಮೊಟ್ಟೆ, ಪನೀರ್, ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೋ ಅದು. ಎಸೆದು ವಾಪಸ್ ಹೋಗಿ. ನಿಂತು ನೋಡಬೇಡಿ, ಮುದ್ದು ಮಾಡಬೇಡಿ. ದಿನಕ್ಕೆ ಮೂರ್ನಾಲ್ಕು ಸಲ ಸಾಕು. ಕೆಲವು ದಿನ ಆದ ಮೇಲೆ ನಿಮ್ಮ ಹೆಜ್ಜೆ ಸದ್ದಿಗೇ ನಾಯಿ ತಲೆ ಎತ್ತಿ ಬಾಲ ಅಲ್ಲಾಡಿಸುತ್ತದೆ: ಬಂದರು, ಏನೋ ತಂದಿದ್ದಾರೆ! ಆಗ ಅರ್ಧ ಹೆಜ್ಜೆ ಮುಂದೆ. ಮೈ ಬಿಗಿಯಾಯಿತೋ, ಎರಡು ಹೆಜ್ಜೆ ಹಿಂದೆ. ಪಾವ್ಲೋವ್ ಹೆಸರು ಶಾಲೆಯಲ್ಲಿ ಕೇಳಿದ್ದೀರಿ. 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ನಾಯಿಯ ಜೊಲ್ಲು ಅಳೆಯಲು ಹೋದವರಿಗೆ, ಊಟ ಬರುವ ಮೊದಲೇ ಜೊಲ್ಲು ಸುರಿಯುವುದು ಕಂಡಿತು. ನಮಗೆ ಬೇಕಾದ್ದೂ ಅಷ್ಟೇ. ನಿಮ್ಮ ಹೆಜ್ಜೆಗೆ ಜೊಲ್ಲು ಬರಬೇಕು, ಹಲ್ಲು ಹೊರಗೆ ಬರಬಾರದು.

ಚಪ್ಪಲಿ, ಸಾಕ್ಸು, ಟಿವಿ ರಿಮೋಟು ಕಚ್ಚಿಕೊಂಡು ಹೋದರೂ ಹೀಗೇ. ಅಟ್ಟಿಸಿಕೊಂಡು ಹೋಗಬೇಡಿ. ನಮಗೆ ರಾದ್ಧಾಂತ, ಅದಕ್ಕೆ ಆಟ. ಮೊದಲೇ ಒಂದು ಆಟಿಕೆಯಲ್ಲಿ ಅಭ್ಯಾಸ ಮಾಡಿಸಿ: ಆಟಿಕೆ ಕೊಟ್ಟು "ಬಿಡು" ಅನ್ನಿ, ಬಿಟ್ಟ ಕೂಡಲೇ ತಿಂಡಿ ಕೊಡಿ, ಆಮೇಲೆ ಆ ಆಟಿಕೆಯನ್ನು ವಾಪಸ್ ಅದಕ್ಕೇ ಕೊಡಿ. ವಾಪಸ್ ಕೊಡುವುದನ್ನೇ ಎಲ್ಲರೂ ಮರೆಯುತ್ತಾರೆ. ಬಿಟ್ಟದ್ದು ಮತ್ತೆ ಸಿಗುತ್ತದೆ ಅಂತ ಗೊತ್ತಾದರೆ ಅದು ಯಾಕೆ ಕಾವಲು ಕಾಯಬೇಕು? "ಲಂಚ ಕೊಟ್ಟ ಹಾಗಾಗಲ್ವಾ ಡಾಕ್ಟ್ರೇ?" ಅಂತ ಒಬ್ಬರು ಕೇಳಿದರು. ಅವರು ಕಂದಾಯ ಇಲಾಖೆಯಲ್ಲಿದ್ದವರು, ನಾನು ಏನೂ ಮಾತಾಡಲಿಲ್ಲ.

ಚೀಟಿ ಬಂದಿದೆ, ಹತ್ತು ನಿಮಿಷ ಅಂತ. ಇನ್ನೊಂದು ಚೀಟಿ: "ಜಾತಿ ನಾಯಿಗೂ ಹೀಗೆ ಮಾಡಬೇಕಾ?" ಮಾಡಬೇಕು. ನಮ್ಮ ಮುಧೋಳ ನಾಯಿ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಬಟ್ಟಲು ಕಿತ್ತುಕೊಂಡರೆ ಅದಕ್ಕೂ ಸಿಟ್ಟು ಬರುತ್ತದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಎರಡು ಮೂರು ತಿಂಗಳ ಮರಿ ಸೆರಗು, ಪಂಚೆ, ಕೈಬೆರಳು ಕಚ್ಚುವುದು ಈ ಕಾವಲಿನ ಕಚ್ಚುವಿಕೆ ಅಲ್ಲ, ಅದು ಆಟ. ಮರಿಗೆ 28 ಹಾಲುಹಲ್ಲು. ಸುಮಾರು ನಾಲ್ಕು ತಿಂಗಳಿಗೆ ಅವು ಬೀಳುತ್ತವೆ, ಏಳು ತಿಂಗಳ ಹೊತ್ತಿಗೆ 42 ಹಲ್ಲು. ಒಸಡು ನವೆಗೆ ಏನಾದರೂ ಕಡಿಯಬೇಕು. ಒದ್ದೆ ಬಟ್ಟೆ ಗಂಟು ಕಟ್ಟಿ ಫ್ರೀಜರಿನಲ್ಲಿಟ್ಟು ಕೊಡಿ. ಹಲ್ಲು ತಾಗಿದರೆ ಎದ್ದು ಹೋಗಿ, ಆಟ ಬಂದ್. ಮೂತಿ ಹಿಡಿದು ಅಮುಕಬೇಡಿ. ಎಷ್ಟು ಮೆಲ್ಲಗೆ ಕಚ್ಚಬೇಕು ಅನ್ನುವುದನ್ನು ಮರಿ ಕಲಿಯುವುದು ಅಮ್ಮನ ಹತ್ತಿರ, ಒಡಹುಟ್ಟಿದವುಗಳ ಹತ್ತಿರ. ಎಂಟು ವಾರ ತುಂಬದ ಮರಿ ಮಾರಬಾರದು ಅಂತ 2017ರ ಕೇಂದ್ರದ ನಿಯಮವೇ ಇದೆ. ಬುಟ್ಟಿಯಲ್ಲಿ ತರುವ ನಾಲ್ಕು ವಾರದ ಮರಿಯನ್ನು ಮುದ್ದಾಗಿದೆ ಅಂತ ಕೊಳ್ಳಬೇಡಿ.

ಎರಡು ನಾಯಿ ಇದ್ದರೆ ಬೇರೆ ಬೇರೆ ರೂಮಿನಲ್ಲಿ ಊಟ. ಪುಟ್ಟ ಮಕ್ಕಳಿದ್ದರೆ ಬಾಗಿಲು ಹಾಕಿ ಊಟ. ನಾನು ಹೇಳಿದ ಈ ತರಬೇತಿಯನ್ನು ಮಕ್ಕಳ ಕೈಲಿ ಮಾಡಿಸಲೇಬೇಡಿ. ಇದ್ದಕ್ಕಿದ್ದ ಹಾಗೆ ಸಿಟ್ಟು ಶುರುವಾದರೆ ಮೊದಲು ವೈದ್ಯರಿಗೆ ತೋರಿಸಿ, ಕಿವಿ ನೋವೋ ಹಲ್ಲು ನೋವೋ ಇರಬಹುದು. ಹಲ್ಲು ಆಳಕ್ಕೆ ಇಳಿಯುವ ಹಾಗೆ ಕಚ್ಚಿದ್ದರೆ ಒಬ್ಬರೇ ಪ್ರಯೋಗ ಮಾಡಬೇಡಿ. ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತೇವಲ್ಲ, ನಾಯಿಗೂ ಅಂಥದ್ದು ಸಿಗುತ್ತದೆ, ಮೆಲ್ಲಗೆ ಅಭ್ಯಾಸ ಮಾಡಿಸಬಹುದು. ಹೊಡೆಯದೆ ಕಲಿಸುವ ತರಬೇತುದಾರರನ್ನು ಹುಡುಕಿ. ಕರೆಂಟ್ ಹೊಡೆಯುವ ಬೆಲ್ಟ್ ತಂದವರನ್ನು ಗೇಟಿನಿಂದಲೇ ಕಳಿಸಿ.

ರೇಬಿಸ್. ಹ್ಞಾಂ, ನೆನಪಿದೆ. ಕಚ್ಚಿದರೆ, ಪರಚಿದರೂ, ನಲ್ಲಿ ನೀರು ಬಿಟ್ಟು ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಏನೂ ಬೇಡ. ಮನೆ ನಾಯಿಯೇ ಆದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡುವ ಲಸಿಕೆ 0, 3, 7, 28ನೇ ದಿನ; 0 ಅಂದರೆ ಮೊದಲ ಡೋಸ್ ಹಾಕಿಸಿದ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೋಗ್ಲಾಬ್ಯುಲಿನ್, ಅಂದರೆ ರೇಬಿಸ್ ತಡೆಯುವ ಸಿದ್ಧ ಪ್ರತಿಕಾಯದ ಚುಚ್ಚುಮದ್ದು, ಅದರ ಬಗ್ಗೆ ನೀವಾಗೇ ಕೇಳಿ. ನನ್ನ ಹೆಬ್ಬೆರಳಿಗೆ ಎರಡೇ ಡೋಸ್ ಸಾಕಾಯಿತು, ಕೆಲಸದ ದೆಸೆಯಿಂದ ಮೊದಲೇ ಪೂರ್ತಿ ಲಸಿಕೆ ಆಗಿತ್ತು. ಮರಿಗೆ ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಒಂದು ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ.

ಟೀ ಬಂತು ಅನ್ನಿಸುತ್ತದೆ, ಎಲ್ಲರ ಕತ್ತೂ ಬಾಗಿಲ ಕಡೆ ತಿರುಗಿದೆ. ಪಾವ್ಲೋವ್!

ಇನ್ನೊಂದೇ ಮಾತು, ಆ ಲ್ಯಾಬ್ರಡಾರ್ ಬಗ್ಗೆ. ಇಳಿಸಿದ ಜಾಗದಲ್ಲೇ ಎರಡು ದಿನ ಕೂತಿತ್ತಂತೆ. ಎಳನೀರು ಮಾರುವವರೊಬ್ಬರು ಬೆಲ್ಟಿನ ಬಿಲ್ಲೆಯಲ್ಲಿದ್ದ ನನ್ನ ಕ್ಲಿನಿಕ್ ನಂಬರಿಗೆ ಫೋನ್ ಮಾಡಿದರು. ಈಗ ನಮ್ಮ ಮನೆಯಲ್ಲಿದೆ. ಮೊದಲ ದಿನ ಹತ್ತಡಿ ದೂರ ನಿಂತರೂ ಬಟ್ಟಲ ಮೇಲೆ ಬಗ್ಗಿ ಗುರ್ ಅನ್ನುತ್ತಿತ್ತು. ನಿನ್ನೆ ರಾತ್ರಿ ಮೂರಡಿಯ ತನಕ ಬಿಟ್ಟುಕೊಂಡಿತು. ಈ ಗದ್ದಲ, ಈ ಬೋಂಡಾ ವಾಸನೆ ಅದಕ್ಕೆ ಬೇಡ ಅಂತ ಇಲ್ಲಿಗೆ ಕರೆತಂದಿಲ್ಲ. ಸಾಕುತ್ತೇವೆ ಅನ್ನುವವರು, ಪುಟ್ಟ ಮಕ್ಕಳಿಲ್ಲದ ಮನೆಯವರಾದರೆ ಒಳ್ಳೆಯದು, ಸಂಜೆ ಆರಕ್ಕೆ ಬನ್ನಿ. ಅದರ ಊಟ ಏಳಕ್ಕೆ, ಅಷ್ಟರೊಳಗೆ ಬನ್ನಿ. ಹಳೇ ಹೆಸರು ಕರೆದರೆ ಈಗಲೂ ಗೇಟಿನ ಕಡೆ ಓಡುತ್ತದೆ. ಅದಕ್ಕೇ ನಾವು ಆ ಹೆಸರು ಕರೆಯುತ್ತಿಲ್ಲ. ಹೊಸ ಹೆಸರು ನೀವೇ ಇಟ್ಟುಕೊಳ್ಳಿ.