500 ರೂಪಾಯಿಯ ಬೇಲಿ ದಾಟಿ ಬಂದ ಮೆಣಸು

[ಮೇಜಿನ ಮೇಲೆ ಒಂದು ಲೀಟರಿನ ಸ್ಟೀಲ್ ಅಳತೆ, ತಕ್ಕಡಿ, ಒಂದು ಪೊಟ್ಟಣ ಕಾಳುಮೆಣಸಿನ ಪುಡಿ]

ನಮಸ್ಕಾರ. ಸಕಲೇಶಪುರ ಕಡೆಯ ಬೆಳೆಗಾರರೊಬ್ಬರು ಕಾಮೆಂಟಿನಲ್ಲಿ ಹೀಗೆ ಕೇಳಿದ್ದರು: "ಹೊರದೇಶದ ಮೆಣಸು ಕೆಜಿಗೆ 500 ರೂಪಾಯಿಗಿಂತ ಕಡಿಮೆಗೆ ಬರಕೂಡದು ಅಂತ ಸರ್ಕಾರವೇ ಆದೇಶ ಮಾಡಿತ್ತಲ್ಲ. ಮತ್ತೆ 2019ರಲ್ಲಿ ನಾನು 300 ಚಿಲ್ಲರೆಗೆ ಯಾಕೆ ಮಾರಬೇಕಾಯ್ತು?"

ಒಂದು ವಾರ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೇಲಿ 500ಕ್ಕೆ, ರೇಟು 300ಕ್ಕೆ. ಎಲ್ಲೋ ಕಂಡಿ ಇರಲೇಬೇಕು.

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. 2016ರಲ್ಲಿ ಕೊಡಗು, ಹಾಸನ, ಚಿಕ್ಕಮಗಳೂರಲ್ಲಿ ಮೆಣಸು 700 ರೂಪಾಯಿ ಆಸುಪಾಸಿನಲ್ಲಿತ್ತು. ಒಳ್ಳೆ ರೇಟು ನೋಡಿ ವಿಯೆಟ್ನಾಂ ರೈತರು ಸಿಕ್ಕಸಿಕ್ಕಲ್ಲಿ ಬಳ್ಳಿ ಹಬ್ಬಿಸಿದ್ದರು. ಫಸಲು ಬಂತು, ಲೋಕದ ರೇಟು ಕುಸಿಯಿತು. 2017ರಲ್ಲಿ ವಿಯೆಟ್ನಾಂ ಮೆಣಸನ್ನು ಇಲ್ಲಿಯದರ ಜೊತೆ ಬೆರೆಸ್ತಿದ್ದಾರೆ ಅಂತ ಕೊಡಗಿನ ಬೆಳೆಗಾರರು ಬೀದಿಗಿಳಿದರು. ಆ ವರ್ಷ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆ 500 ಅಂತ ನಿಗದಿ ಮಾಡಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನೇ ನಿಷೇಧಿಸಿತು. ಸರಕಿನ ಬೆಲೆ, ವಿಮೆ, ಹಡಗಿನ ಬಾಡಿಗೆ ಎಲ್ಲ ಸೇರಿ ನಮ್ಮ ಬಂದರಿಗೆ ಬಂದು ಬೀಳುವ ಬೆಲೆ ಅದು.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಪೇಪರ್ ಇದ್ದರೆ ತಗೊಳ್ಳಿ, ನಿಧಾನವಾಗಿ ಹೋಗ್ತೀನಿ.

2018ರಲ್ಲಿ ವಿಯೆಟ್ನಾಂ ಸುಮಾರು 2.33 ಲಕ್ಷ ಟನ್ ಮೆಣಸು ರಫ್ತು ಮಾಡಿ ಸುಮಾರು 76 ಕೋಟಿ ಡಾಲರ್ ಗಳಿಸಿತು. ಭಾಗಿಸಿದರೆ ಕೆಜಿಗೆ ಮೂರೂಕಾಲು ಡಾಲರ್. ಅಂದಿನ ರೂಪಾಯಿಯಲ್ಲಿ 225 ಅನ್ನಿ.

[ಪರದೆಯ ಮೇಲೆ: ನಿಜ ಬೆಲೆ 225. ಕಾಗದದ ಬೆಲೆ 500.]

ಆಮದಿನಲ್ಲಿ ಮೋಸ ಅಂದರೆ ಸಾಮಾನ್ಯವಾಗಿ ಬಿಲ್ಲಿನಲ್ಲಿ ಬೆಲೆ ಕಡಿಮೆ ತೋರಿಸುತ್ತಾರೆ, ಸುಂಕ ಉಳಿಸೋಕೆ. ಇಲ್ಲಿ ತಲೆಕೆಳಗು. 225ರ ಮಾಲಿಗೆ 500ರ ಬಿಲ್ಲು ಮಾಡಿಸಿದರೆ ಬೇಲಿ ದಾಟಿದ ಹಾಗೆ. ಹೆಚ್ಚುವರಿ 275 ಬ್ಯಾಂಕ್ ಮೂಲಕ ಹೊರದೇಶಕ್ಕೆ ಹೋಗುತ್ತದೆ, ಹವಾಲಾದಲ್ಲಿ ವಾಪಸ್ ಬರುತ್ತದೆ. ಇದು ಬೆಳೆಗಾರರ ಸಂಘಟನೆಗಳು ಮತ್ತೆ ಮತ್ತೆ ಮಾಡಿದ ಆರೋಪ.

ಬಿಲ್ಲು ಹಿಗ್ಗಿಸಿದರೆ ಸುಂಕವೂ ಹಿಗ್ಗಬೇಕಲ್ಲ? ಹೌದು, ಅದಕ್ಕೇ ದಾರಿ ಬದಲಾಗುತ್ತದೆ. ಮೆಣಸಿನ ಮೇಲೆ ನಮ್ಮ ಮೂಲ ಸುಂಕ ಶೇ. 70. ಆಗ್ನೇಯ ಏಷ್ಯಾದ ದೇಶಗಳ ಜೊತೆಗಿನ ಆಸಿಯಾನ್ ಒಪ್ಪಂದದ ರಿಯಾಯಿತಿ ಸಿಕ್ಕರೂ ವಿಯೆಟ್ನಾಂ ಮಾಲಿಗೆ ಶೇ. 50ರ ಕೆಳಗೆ ಇಳಿಯಲ್ಲ. ಅಂದರೆ 500ರ ಬಿಲ್ಲಿಗೆ 250 ರೂಪಾಯಿ ಸುಂಕ. 225ಕ್ಕೆ 250 ಸೇರಿಸಿ, 475. 300ರ ಮಾರುಕಟ್ಟೆಯಲ್ಲಿ ಇದು ಹೊಂದಲ್ಲ.

ಶ್ರೀಲಂಕಾ ಕಡೆಯಿಂದ ನೋಡಿ. 2000ನೇ ಇಸವಿಯಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸಿಗೆ ಸುಂಕವೇ ಇಲ್ಲ. ಅದರ ಮೇಲಿನದಕ್ಕೆ ಸಾರ್ಕ್ ದೇಶಗಳ ಒಪ್ಪಂದದಡಿ ಶೇ. 8. ಅದೇ 500ರ ಬಿಲ್ಲು, ಸುಂಕ ಬರೀ 40. 225ಕ್ಕೆ 40 ಸೇರಿಸಿ. 265! ಸಾಗಾಟ, ಲಾಭ ಸೇರಿಸಿದರೂ 300ರ ಹತ್ತಿರ ನಿಲ್ಲುತ್ತದೆ. ಸಕಲೇಶಪುರದ ನಮ್ಮ ಅಣ್ಣನಿಗೆ ಸಿಕ್ಕ ರೇಟು ಅದೇ ಅಲ್ವಾ?

ಇದಕ್ಕೆ ಮೂಲ ಪ್ರಮಾಣಪತ್ರ ಬೇಕು, ಅಂದರೆ ಮಾಲು ಶ್ರೀಲಂಕಾದ್ದೇ ಅನ್ನೋ ಕಾಗದ. ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಕಾಗದ ಬದಲಿಸಿಕೊಂಡು ಬರುತ್ತದೆ ಅನ್ನೋದು ಇನ್ನೊಂದು ಆರೋಪ. ಶ್ರೀಲಂಕಾದ ರೈತರನ್ನು ಇದಕ್ಕೆ ದೂರಬೇಡಿ. ಅವರ ಮೆಣಸು ಘಾಟಿಗೆ ಹೆಸರಾದದ್ದು, ಕಲಬೆರಕೆಯಿಂದ ಕೆಡುವುದು ಅವರ ಹೆಸರೂ ಹೌದು.

[ಹತ್ತಿರದ ಶಾಟ್: ಲೀಟರ್ ಅಳತೆಗೆ ಮೆಣಸು ಸುರಿಯುವುದು]

ಈಗ ಪುಡಿಯ ವಿಷಯ. ಇದು ನಾನು ತುಂಬಾ ಹೇಳಬೇಕು ಅಂದುಕೊಂಡ ಭಾಗ. ಮೆಣಸಿನ ವ್ಯಾಪಾರಿ ಮೊದಲು ನೋಡೋದು ಲೀಟರ್ ತೂಕ. ಅಳತೆ ತುಂಬಿಸಿ, ಮೇಲ್ಭಾಗ ಕೋಲಿನಿಂದ ಸವರಿ, ತೂಗಬೇಕು. 550 ಗ್ರಾಂ ಬಂದರೆ ಗಟ್ಟಿ ಕಾಳು. 300 ಗ್ರಾಂ ಅಂದರೆ ಜಳ್ಳು, ಹೊರಗೆ ಕಪ್ಪು ಸಿಪ್ಪೆ, ಒಳಗೆ ಟೊಳ್ಳು. ನೀರಿಗೆ ಹಾಕಿದರೆ ಗಟ್ಟಿ ಕಾಳು ಮುಳುಗುತ್ತದೆ. ಜಳ್ಳು ತೇಲುತ್ತದೆ, ಬೆರೆಸಿದ ಪಪ್ಪಾಯಿ ಬೀಜವೂ ತೇಲುತ್ತದೆ. ಕಣದಲ್ಲಿ ಮೆಣಸು ಒಣಗಿಸಿದ ಯಾರಿಗೂ ಇದು ಹೊಸದಲ್ಲ, ಅಂಗೈಯಲ್ಲಿ ಆಡಿಸಿಯೇ ಹೇಳಿಬಿಡ್ತಾರೆ.

[ತಟ್ಟೆಗೆ ಪುಡಿ ಸುರಿಯುವುದು]

ಪುಡಿ ಮಾಡಿದ ಮೇಲೆ? ಅಳತೆ ಇಲ್ಲ, ಕೋಲಿಲ್ಲ, ನೀರಿನ ಪರೀಕ್ಷೆ ಇಲ್ಲ. ನಮ್ಮ ಸುಂಕದ ಪಟ್ಟಿಯಲ್ಲೂ ಹಾಗೇ. ಇಡೀ ಮೆಣಸಿಗೆ ಜಳ್ಳು, ಕಸಕಡ್ಡಿ ಆರಿಸಿ ತೆಗೆದದ್ದು, ತೆಗೆಯದ್ದು, ಸಣ್ಣ ಕಾಳು ಅಂತ ಬೇರೆಬೇರೆ ಸಾಲುಗಳಿವೆ. ಪುಡಿಗೆ ಒಂದೇ ಸಾಲು, 0904 12. ಪುಡಿಯ ತೇವಾಂಶ, ಬೂದಿ, ಖಾರ ಕೊಡುವ ಪೈಪರಿನ್ ಎಷ್ಟಿದೆ ಅಂತ ಲ್ಯಾಬ್ ಹೇಳಬಲ್ಲದು. ಯಾವ ಊರಿನ ಬಳ್ಳಿ ಅಂತ ಆ ಪರೀಕ್ಷೆಗಳು ಹೇಳಲ್ಲ. ಅಗ್ಗದ ಆಮದು ಮಾಲು ಸೇರಿಕೊಳ್ಳೋಕೆ ಪುಡಿಗಿಂತ ಸಲೀಸಾದ ಜಾಗ ಇಲ್ಲ ಅಂತ ನಾನು ಹೇಳೋದು ಇದಕ್ಕೇ. ಪೊಟ್ಟಣದ ಮೇಲೆ ಮೆಣಸು ಬೆಳೆದ ದೇಶದ ಹೆಸರು ಕಡ್ಡಾಯ ಆಗಬೇಕು, ಅದೂ ದೊಡ್ಡ ಅಕ್ಷರದಲ್ಲಿ.

ಹೊತ್ತಾಯ್ತು, ಉಳಿದದ್ದನ್ನು ಒಟ್ಟಿಗೆ ಹೇಳ್ತೀನಿ. 500ರ ನಿಯಮದಿಂದ ರಫ್ತುದಾರರಿಗೆ 2018ರ ಜುಲೈನಲ್ಲೇ ವಿನಾಯಿತಿ ಸಿಕ್ಕಿತು. ಮೆಣಸು ತರಿಸಿ, ಸತ್ವ ತೆಗೆದು ಅಥವಾ ಪುಡಿ ಮಾಡಿ ವಾಪಸ್ ಕಳಿಸಬೇಕು ಅನ್ನೋ ಷರತ್ತಿನ ಮೇಲೆ. ಕೊಚ್ಚಿ ಸುತ್ತಿನ ಸತ್ವ ತೆಗೆಯುವ ಕಾರ್ಖಾನೆಗಳಿಗೆ ಅದು ಬೇಕಿತ್ತು, ತಪ್ಪಲ್ಲ. ಆದರೆ ಬಂದದ್ದೆಲ್ಲ ವಾಪಸ್ ಹೋಗಿದೆಯೇ ಅಂತ ಚೀಲ ಲೆಕ್ಕ ಹಾಕಬೇಕಲ್ಲ. ಆಮೇಲೆ ಗಾಳಿ ತಿರುಗಿತು: ರೇಟು ಬಿದ್ದಾಗ ವಿಯೆಟ್ನಾಂನಲ್ಲಿ ಎಷ್ಟೋ ಜನ ಬಳ್ಳಿ ಬಿಟ್ಟು ಕಾಫಿ, ದುರಿಯನ್ ಹಣ್ಣಿಗೆ ಹೊರಳಿದರು. 2024ರಲ್ಲಿ ಅವರು ಸುಮಾರು 2.5 ಲಕ್ಷ ಟನ್ ಕಳಿಸಿ 130 ಕೋಟಿ ಡಾಲರಿಗೂ ಹೆಚ್ಚು ಗಳಿಸಿದರು. ಕೆಜಿಗೆ ಐದು ಡಾಲರ್ ದಾಟಿತು, ನಮ್ಮ ಲೆಕ್ಕದಲ್ಲಿ 430-440 ರೂಪಾಯಿ. ಲೋಕದ ರೇಟೇ 500ರ ಹತ್ತಿರ ಬಂದಾಗ 2017ರ ಬೇಲಿ ಮೊಣಕಾಲೆತ್ತರಕ್ಕೆ ನಿಂತ ಹಾಗೆ. ಬೇಲಿ ಎತ್ತರಿಸಿ ಅಂತ ಬೆಳೆಗಾರರು ಕೇಳೋದು ಇದಕ್ಕೇ, ನನಗೂ ಅದು ನ್ಯಾಯ ಅನ್ನಿಸುತ್ತದೆ. ಆದರೆ ಆ ಶೇ. 8ರ ದಾರಿಯಲ್ಲಿ ಮೂಲ ಪ್ರಮಾಣಪತ್ರ ಗಟ್ಟಿಯಾಗಿ ತಪಾಸಣೆ ಆಗದಿದ್ದರೆ 500ನ್ನು 700 ಮಾಡಿದರೂ ಬಿಲ್ಲಿನ ಅಂಕಿ ಬದಲಾಗುತ್ತದೆ, ಅಷ್ಟೇ.

[ತಕ್ಕಡಿಯ ಶಾಟ್: 546 ಗ್ರಾಂ]

ನನ್ನ ಅಳತೆಯ ಮೆಣಸು 546 ಬಂತು. ನಿಮ್ಮ ಕಡೆ ಈ ವಾರದ ರೇಟು ಎಷ್ಟು, ಲೀಟರ್ ತೂಕ ಎಷ್ಟು, ಎರಡನ್ನೂ ಕಾಮೆಂಟಿನಲ್ಲಿ ಬರೆಯಿರಿ. ಊರಿನ ಹೆಸರು ಮರೀಬೇಡಿ.