ಕಣ್ಣಿಗೆ ಮೊದಲೇ ಕೆಲಸ ಹೇಳಿ

ಆಕಾಶವಾಣಿಯ ಎಲ್ಲ ಕೇಳುಗರಿಗೆ ನಮಸ್ಕಾರ.

ಟೆಕ್ಕೆನ್, ಸ್ಟ್ರೀಟ್ ಫೈಟರ್. ಈ ಹೆಸರು ಕೇಳಿದ ಕೂಡಲೇ ಕೆಲವರು ರೇಡಿಯೋ ದನಿ ಏರಿಸಿರಬಹುದು, ಕೆಲವರು ಇದೆಂತದಪ್ಪ ಅಂದಿರಬಹುದು. ಗೊತ್ತಿಲ್ಲದವರಿಗೆ ಎರಡೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಇವು ಫೈಟಿಂಗ್ ಗೇಮುಗಳು. ಪರದೆಯ ಮೇಲೆ ಎಡಕ್ಕೊಬ್ಬ, ಬಲಕ್ಕೊಬ್ಬ, ಮೇಲ್ಗಡೆ ಇಬ್ಬರ ಹೆಲ್ತ್ ಬಾರ್, ಅಂದರೆ ಉಳಿದ ಶಕ್ತಿ ತೋರಿಸುವ ಪಟ್ಟಿ. ಯಾರದ್ದು ಮೊದಲು ಖಾಲಿಯಾಯಿತೋ ಅವರು ಆ ಸುತ್ತು ಸೋತ ಹಾಗೆ. ಸ್ಟ್ರೀಟ್ ಫೈಟರ್ 2 ಬಂದದ್ದು 1991ರಲ್ಲಿ, ಮೊದಲ ಟೆಕ್ಕೆನ್ 1994ರಲ್ಲಿ. ಈಗ ಹುಡುಗರ ಕೈಯಲ್ಲಿರುವುದು 2023ರ ಸ್ಟ್ರೀಟ್ ಫೈಟರ್ 6 ಮತ್ತು 2024ರ ಜನವರಿಯಲ್ಲಿ ಬಂದ ಟೆಕ್ಕೆನ್ 8.

ನಮ್ಮ ಕಾರವಾರದಲ್ಲಿ, ಅಂಕೋಲಾದಲ್ಲಿ, ಮೇಲೆ ಶಿರಸಿಯಲ್ಲಿ ಇದನ್ನು ಆಡುವ ಹುಡುಗ ಹುಡುಗಿಯರ ಜತೆ ಕೂತಾಗಲೆಲ್ಲ ನಾನು ಕೇಳುವ ದೂರು ಒಂದೇ: "ನನ್ನ ಕೈ ಅಷ್ಟು ಫಾಸ್ಟ್ ಇಲ್ಲ." ಈ ದೂರನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

ಈ ಆಟಗಳು ಸೆಕೆಂಡಿಗೆ 60 ಚಿತ್ರಗಳ ಲೆಕ್ಕದಲ್ಲಿ ಓಡುತ್ತವೆ. ಒಂದೊಂದು ಚಿತ್ರಕ್ಕೆ ಫ್ರೇಮ್ ಎಂದು ಹೆಸರು. ಟೆಕ್ಕೆನ್‌ನಲ್ಲಿ ಬಹುತೇಕ ಪಾತ್ರಗಳ ಜ್ಯಾಬ್, ಅಂದರೆ ಚುಟುಕು ಗುದ್ದು, 10ನೇ ಫ್ರೇಮಿಗೆ ತಾಗುತ್ತದೆ. ಅದು ಒಂದು ಸೆಕೆಂಡಿನ ಆರನೇ ಒಂದು ಪಾಲು. ಸ್ಟ್ರೀಟ್ ಫೈಟರ್ 6ರಲ್ಲಿ ರ್‍ಯೂ ಎಂಬ ಪಾತ್ರ ಕುಕ್ಕರಗಾಲಲ್ಲಿ ಕೂತು ಹೊಡೆಯುವ ಹಗುರ ಗುದ್ದಿಗೆ 4 ಫ್ರೇಮ್ ಸಾಕು. ಈಗ ಮನುಷ್ಯನ ಕಡೆ ಬನ್ನಿ. ಕಣ್ಣು ಒಂದು ಬದಲಾವಣೆ ಕಂಡು ಬೆರಳು ಅಲ್ಲಾಡಲು ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ಆಟದ ಲೆಕ್ಕದಲ್ಲಿ 12ರಿಂದ 15 ಫ್ರೇಮ್. ಅದೂ ಇಂಥದ್ದೇ ಬರುತ್ತದೆ ಎಂದು ಅದೊಂದಕ್ಕೇ ಕಾದು ಕೂತಾಗ. ಬಂದದ್ದು ಮೂರರಲ್ಲಿ ಯಾವುದು ಎಂದು ಗುರುತು ಹಿಡಿಯಬೇಕಾದರೆ ಇನ್ನೂ ತಡ. ಅಂದಮೇಲೆ ಜ್ಯಾಬನ್ನು ಕಣ್ಣಿಂದ ನೋಡಿ ತಡೆಯುವವರು ಯಾರೂ ಇಲ್ಲ. ಚಾಂಪಿಯನ್ನರಿಗೂ ಇರುವುದು ನಮ್ಮ ನಿಮ್ಮಂಥದೇ ನರ.

ಹಾಗಾದರೆ ಅವರು ಹೊಡೆತ ತಿನ್ನದೆ ಉಳಿಯುವುದು ಹೇಗೆ? ನೋಡಲಾಗದ್ದನ್ನು ಅವರು ನೋಡಲು ಹೋಗುವುದೇ ಇಲ್ಲ. ಅಂಥ ಹೊಡೆತಕ್ಕೆ ಮೊದಲೇ ಬ್ಲಾಕ್, ಅಂದರೆ ತಡೆ, ಹಿಡಿದಿರುತ್ತಾರೆ, ಇಲ್ಲವೇ ಅದು ಮುಟ್ಟದಷ್ಟು ದೂರದಲ್ಲಿ ನಿಂತಿರುತ್ತಾರೆ. ಹಾಗೆ ಉಳಿಸಿದ ಗಮನವನ್ನು ನೋಡಬಹುದಾದದ್ದರ ಮೇಲೆ ಇಡುತ್ತಾರೆ. ನೋಡಬಹುದಾದದ್ದು ಎಷ್ಟೋ ಇದೆ. ಸ್ಟ್ರೀಟ್ ಫೈಟರ್‌ನಲ್ಲಿ ಒಬ್ಬ ನಿಮ್ಮ ಕಡೆ ಜಿಗಿದರೆ ನೆಲಕ್ಕೆ ಬರಲು ಮುಕ್ಕಾಲು ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. 6ನೇ ಆವೃತ್ತಿಯ ಡ್ರೈವ್ ಇಂಪ್ಯಾಕ್ಟ್ ಎಂಬ ಭಾರಿ ಹೊಡೆತ ತಾಗಲು 26 ಫ್ರೇಮ್ ಬೇಕು. ಎರಡಕ್ಕೂ ಉತ್ತರ ಕೊಡಲು ಬೇಕಾದಷ್ಟು ಹೊತ್ತಿದೆ. ಆದರೂ ಹೊಸಬರು ಎರಡನ್ನೂ ತಿನ್ನುತ್ತಾರೆ, ಮತ್ತೆ ಮತ್ತೆ ತಿನ್ನುತ್ತಾರೆ. ಕಣ್ಣು ಪರದೆಯ ಮೇಲೇ ಇರುತ್ತದೆ, ಮನಸ್ಸು ಮಾತ್ರ "ಮುಂದಿನ ಕಾಂಬೋ ಹೇಗೆ ಹಾಕಲಿ" ಎನ್ನುವ ಯೋಚನೆಯಲ್ಲಿ ಮುಳುಗಿರುತ್ತದೆ. ಕಾಂಬೋ ಅಂದರೆ ಒಂದರ ಬೆನ್ನಿಗೆ ಒಂದು ತಪ್ಪಿಸಿಕೊಳ್ಳಲಾಗದ ಹೊಡೆತಗಳ ಸರಣಿ.

ಶಿರಸಿಯಲ್ಲಿರುವ ನನ್ನ ಅಣ್ಣನ ಮಗ ಟೆಕ್ಕೆನ್ ಆಡುತ್ತಾನೆ. ಅವನ ಗೆಳೆಯನ ಪಾತ್ರ ಬ್ರಯಾನ್ ಫ್ಯೂರಿ. ಬ್ರಯಾನ್‌ಗೆ ಸ್ನೇಕ್ ಎಡ್ಜ್ ಎಂಬ ಒದೆತವಿದೆ. ಕೆಳಗಿಂದ ಕಾಲು ಬೀಸಿ ಬೀಳಿಸುವ ಒದೆತ. ಹುಡುಗನಿಗೆ ಅದನ್ನೇ ತಿಂದು ತಿಂದು ರೋಸಿಹೋಗಿತ್ತು. "ಯಂಗೆ ತಡೆಯಲೇ ಆಗ್ತಿಲ್ಲೆ ಅಪ್ಪಚ್ಚಿ" ಎಂದು ಫೋನು. ಈ ಒದೆತದ ಗುಟ್ಟು ಏನೆಂದರೆ, ಇದು ಆಟದ ನಿಧಾನ ಒದೆತಗಳಲ್ಲಿ ಒಂದು. ತಾಗಲು 20 ಫ್ರೇಮಿಗಿಂತ ಹೆಚ್ಚು ಬೇಕು. ಕೂತು ತಡೆದುಬಿಟ್ಟರೆ ಬ್ರಯಾನ್ ಎಷ್ಟು ಹೊತ್ತು ಬರಿಗೈಯಲ್ಲಿ ನಿಲ್ಲುತ್ತಾನೆಂದರೆ, ಅವನನ್ನು ಗಾಳಿಗೆ ಎತ್ತಿ ಇಡೀ ಕಾಂಬೋ ಹಾಕಬಹುದು.

ಅವನಿಗೆ ನಾನು ಹೇಳಿದ್ದು ಇಷ್ಟು. ಟ್ರೈನಿಂಗ್ ಮೋಡ್‌ಗೆ, ಅಂದರೆ ಗೊಂಬೆಯ ಎದುರು ಒಬ್ಬನೇ ಅಭ್ಯಾಸ ಮಾಡುವ ಕಡೆಗೆ ಹೋಗು. ಎದುರಿನ ಗೊಂಬೆಗೆ ಬ್ರಯಾನ್‌ನನ್ನು ಕೊಡು. ಒಂದು ರೆಕಾರ್ಡಿಂಗಿನಲ್ಲಿ ಸ್ನೇಕ್ ಎಡ್ಜ್, ಇನ್ನೊಂದರಲ್ಲಿ ಹೊಟ್ಟೆಗೆ ಬರುವ ಮಾಮೂಲಿ ಒದೆತ. ಎರಡನ್ನೂ ಗೊಂಬೆ ತನಗೆ ಬೇಕಾದಂತೆ ಬದಲಿಸಿ ಬದಲಿಸಿ ಹೊಡೆಯುವ ಹಾಗೆ ಮಾಡು. ನೀನು ನಿಂತೇ ಬ್ಲಾಕ್ ಹಿಡಿ. ಬ್ರಯಾನ್‌ನ ಮೈ ತಗ್ಗಿ ಕಾಲು ಬೀಸಿಕೊಂಡು ಬರುವ ಆ ಭಂಗಿ ಕಂಡರೆ ಮಾತ್ರ ಕೂರು. ಮೊದಮೊದಲು ಎರಡಕ್ಕೂ ಕೂರುತ್ತಿದ್ದ, ಹೊಟ್ಟೆಗೆ ಸಮಾ ಬೀಳುತ್ತಿತ್ತು. ಆಮೇಲೆ ಭಂಗಿ ಕಣ್ಣಿಗೆ ಹತ್ತಿತು. ಆಗ ಹೊಸ ತೊಂದರೆ ಶುರುವಾಯಿತು: ತಡೆದ ಖುಷಿಯಲ್ಲಿ ತಿರುಗಿ ಹೊಡೆಯುವುದನ್ನೇ ಮರೆಯುತ್ತಿದ್ದ! ಇದು ಎಲ್ಲರಿಗೂ ಆಗುವಂಥದ್ದು. ತಡೆಯುವುದು ಒಂದು ಅಭ್ಯಾಸ, ತಡೆದ ಬೆನ್ನಿಗೇ ಎದ್ದು ಹೊಡೆಯುವುದು ಬೇರೆಯದೇ ಅಭ್ಯಾಸ. ನಮ್ಮ ಹಳಿಯಾಳದ ಗರಡಿಯಲ್ಲಿ ಪೈಲ್ವಾನರು ಒಂದು ಪಟ್ಟನ್ನೂ ಅದರಿಂದ ಬಿಡಿಸಿಕೊಳ್ಳುವ ಪಟ್ಟನ್ನೂ ಜೋಡಿಯಾಗಿ ಕಲಿಯುವ ಹಾಗೆ ಇದನ್ನೂ ಜೋಡಿಯಾಗಿಯೇ ಕೈಗೆ ಹಿಡಿಸಬೇಕು. ಕೊನೆಗೆ ಹುಡುಗನ ಕೈಗೂ ಹತ್ತಿತು. ಗೆಳೆಯ ಆ ಒದೆತ ಬಿಟ್ಟು ಬೇರೆ ಏನೋ ಹುಡುಕಿಕೊಂಡ, ಅದಕ್ಕೆ ಇನ್ನೊಂದು ಫೋನು ಬಂತು. ಇರಲಿ.

ಮೊದಲೇ ಕಾದಿರುವುದು ಅಂದರೆ ಏನು ಎನ್ನುವುದಕ್ಕೆ ಈ ಆಟದ ಚರಿತ್ರೆಯಲ್ಲಿಯೇ ದೊಡ್ಡ ಸಾಕ್ಷಿ ಇದೆ. 2004, ಅಮೆರಿಕದ ಈವೋ ಟೂರ್ನಮೆಂಟ್, ಆಟ ಸ್ಟ್ರೀಟ್ ಫೈಟರ್ 3ರ ಥರ್ಡ್ ಸ್ಟ್ರೈಕ್. ಜಪಾನಿನ ಡೈಗೊ ಉಮೆಹರಾ ಕೈಯಲ್ಲಿ ಕೆನ್ ಎಂಬ ಪಾತ್ರ, ಅಮೆರಿಕದ ಜಸ್ಟಿನ್ ವಾಂಗ್ ಕೈಯಲ್ಲಿ ಚುನ್ ಲೀ. ಡೈಗೊನ ಹೆಲ್ತ್ ಬಾರಿನಲ್ಲಿ ಉಳಿದದ್ದು ಒಂದು ಗೆರೆ. ಚುನ್ ಲೀಯ ಸೂಪರ್ ಒದೆತವನ್ನು ಬರೀ ಬ್ಲಾಕ್ ಮಾಡಿದರೂ ಆ ಗೆರೆ ಅಳಿಸಿಹೋಗುತ್ತದೆ. ಉಳಿದ ದಾರಿ ಪ್ಯಾರಿ ಒಂದೇ, ಅಂದರೆ ಹೊಡೆತ ತಾಗುವ ಗಳಿಗೆಗೆ ಸರಿಯಾಗಿ ಅದರ ಕಡೆಗೇ ಕಂಟ್ರೋಲರಿನ ಕೋಲು ತಳ್ಳುವುದು. ವಾಂಗ್ ಸೂಪರ್ ಬಿಟ್ಟರು. 15 ಒದೆತ. ಡೈಗೊ ಹದಿನೈದನ್ನೂ ಪ್ಯಾರಿ ಮಾಡಿ, ಆಮೇಲೆ ತಿರುಗಿ ಹೊಡೆದು ಆ ಸುತ್ತು ಮುಗಿಸಿದರು. ಜನ ಇದನ್ನು ನೋಡಿ "ಏನು ಕೈ ಚುರುಕು" ಎನ್ನುತ್ತಾರೆ. ಆದರೆ ಮೊದಲ ಪ್ಯಾರಿಯನ್ನು ಕಣ್ಣಿಂದ ನೋಡಿ ಹಾಕಲು ಆಗುವುದಿಲ್ಲ. ಸೂಪರ್ ಶುರುವಾದದ್ದು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಇಂಥ ಸ್ಥಿತಿಯಲ್ಲಿ ಎದುರಿನವನಿಗೆ ಸೂಪರಿನ ಆಸೆ ಬಂದೇ ಬರುತ್ತದೆ ಎಂದು ಡೈಗೊ ಮೊದಲೇ ಕಾದು ನಿಂತಿದ್ದರು. ಅಂದ ಹಾಗೆ, ಆ ಟೂರ್ನಮೆಂಟ್ ಡೈಗೊ ಗೆಲ್ಲಲಿಲ್ಲ. ಫೈನಲಿನಲ್ಲಿ ಸೋತರು. ಗೆದ್ದವರ ಹೆಸರು ಕೇಳಿದರೆ ಹುಡುಗರು ತಲೆ ಕೆರೆದುಕೊಳ್ಳುತ್ತಾರೆ.

ಕಾಂಬೋ ವಿಷಯಕ್ಕೆ ಬರುತ್ತೇನೆ. ಇದನ್ನು ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಸ್ಟ್ರೀಟ್ ಫೈಟರ್ 2 ತಯಾರಾಗುತ್ತಿದ್ದಾಗ, ಕಾರು ಜಜ್ಜುವ ಬೋನಸ್ ಸುತ್ತನ್ನು ಪರೀಕ್ಷೆ ಮಾಡುವ ಹೊತ್ತಿಗೆ ಆಟದ ತಯಾರಕರಲ್ಲಿ ಒಬ್ಬರಾದ ನೊರಿಟಾಕ ಫುನಮಿಝು ಕಣ್ಣಿಗೆ ಅಕಸ್ಮಾತ್ತಾಗಿ ಬಿದ್ದದ್ದು. ಇರಲಿ ಬಿಡಿ ಎಂದು ಉಳಿಸಿಕೊಂಡರು. ಈಗ ಹುಡುಗರು ಯೂಟ್ಯೂಬ್ ನೋಡಿ ಮೊದಲು ಕಲಿಯುವುದೇ ಉದ್ದುದ್ದ ಕಾಂಬೋ. ಗೊಂಬೆಯ ಮೇಲೆ ಚೆಂದ ಬೀಳುತ್ತದೆ. ನಿಜವಾದ ಪಂದ್ಯದಲ್ಲಿ ಆ ಕಾಂಬೋದ ಮೊದಲ ಹೊಡೆತವೇ ತಾಗುವುದಿಲ್ಲ, ಮತ್ತೆಂತ ಮಾಡುವುದು? ನನ್ನ ಕೇಳಿದರೆ ಆರಂಭಕ್ಕೆ ಒಂದೇ ಕಾಂಬೋ ಸಾಕು. ಚಿಕ್ಕದಿರಲಿ, ಕೈ ನಡುಗುವಾಗಲೂ ತಪ್ಪದೆ ಬೀಳುವಂತಿರಲಿ. ಉಳಿದ ಹೊತ್ತೆಲ್ಲ ಮೊದಲ ಹೊಡೆತ ಹೇಗೆ ತಾಗಿಸುವುದು ಎನ್ನುವುದಕ್ಕೆ.

ಅದು ಗೊತ್ತಾಗುವುದು ಸೋತ ಪಂದ್ಯ ನೋಡಿದಾಗ. ಎರಡೂ ಆಟಗಳಲ್ಲಿ ಆಡಿದ ಪಂದ್ಯದ ರಿಪ್ಲೇ ಉಳಿದಿರುತ್ತದೆ. ಟೆಕ್ಕೆನ್ 8ರಲ್ಲಂತೂ ರಿಪ್ಲೇ ನಡುವೆ ನಿಲ್ಲಿಸಿ, ಅಲ್ಲಿಂದಲೇ ನಿಮ್ಮ ಪಾತ್ರವನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಆಡಿ ನೋಡಬಹುದು. ಎಲ್ಲಿ ತಿರುಗಿ ಹೊಡೆಯಬಹುದಿತ್ತು ಎಂದು ಆಟವೇ ಹೇಳಿಕೊಡುತ್ತದೆ. ನೋಡುವಾಗ ಕೊನೆಯ ದೊಡ್ಡ ಹೊಡೆತದ ಮೇಲೆ ಕಣ್ಣಿಡಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಸುತ್ತಿನಲ್ಲಿ ನಿಮಗೆ ಬಿದ್ದ ಮೊದಲ ಹೊಡೆತ ಹೇಗೆ ಬಿತ್ತು ಎಂದಷ್ಟೇ ಬರೆಯಿರಿ. "ಜಿಗಿದೆ, ಮೇಲೇ ಹೊಡೆದ." "ಎದ್ದ ಕೂಡಲೇ ಗುಂಡಿ ಒತ್ತಿದೆ." "ಬ್ಲಾಕ್ ಆದ ಮೇಲೂ ನಾನೇ ಹೊಡೆಯಲು ಹೋದೆ." ಪುಟ ತುಂಬುವ ಮೊದಲೇ ಒಂದು ಸಾಲು ಮತ್ತೆ ಮತ್ತೆ ಬಂದಿರುತ್ತದೆ. ಆ ವಾರಕ್ಕೆ ಅದೊಂದನ್ನೇ ತಿದ್ದಿ. ರ್‍ಯಾಂಕ್ ಇಳಿದರೆ ಇಳಿಯಲಿ.

ಜತೆಗೆ ಆಡುವವರು ಬೇಕು. ಲಾಹೋರಿನ ಅರ್ಸ್‌ಲಾನ್ ಆ್ಯಶ್ 2019ರಲ್ಲಿ ಮೊದಲು ಈವೋ ಜಪಾನ್ ಗೆದ್ದು, ಅದೇ ವರ್ಷ ಲಾಸ್ ವೇಗಸ್‌ನಲ್ಲಿ ಕೊರಿಯಾದ ನೀ ಎಂಬ ದಿಗ್ಗಜನನ್ನು ಸೋಲಿಸಿ ಮುಖ್ಯ ಈವೋವನ್ನೂ ಗೆದ್ದಾಗ ಟೆಕ್ಕೆನ್ ಜಗತ್ತು ಕಣ್ಣುಜ್ಜಿಕೊಂಡಿತು. ಅಲ್ಲಿಯವರೆಗೆ ದೊಡ್ಡವರು ಅಂದರೆ ಕೊರಿಯಾ, ಜಪಾನ್. ಅರ್ಸ್‌ಲಾನ್ ಹೇಳಿದ್ದು, ನಮ್ಮೂರಲ್ಲಿ ನನ್ನಂಥವರು ಇನ್ನೂ ಇದ್ದಾರೆ ಎಂದು. ಮುಂದೆ ಆ ಕೊರಿಯಾದ ದಿಗ್ಗಜರೇ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನವರ ಜತೆ ಆಡಿದರು, ಸೋತೂ ಬಂದರು. ಹೊರಗಿನ ಕಣ್ಣಿಗೆ ಬೀಳದೆ ಒಂದೇ ಊರಿನ ಆಟಗಾರರು ಪಕ್ಕಪಕ್ಕ ಕೂತು ಒಬ್ಬರನ್ನೊಬ್ಬರು ಸಾಣೆ ಹಿಡಿದದ್ದು ಅದು. ಕಾರವಾರದಲ್ಲಿ ನಾಲ್ಕು ಜನ ಸೇರಿದರೂ ಅಷ್ಟು ಮಾಡಬಹುದು. ಸೋತ ಕೂಡಲೇ ಕಂಟ್ರೋಲರ್ ಇಟ್ಟು ಎದ್ದು ಹೋಗಬೇಡಿ. ಪಕ್ಕದಲ್ಲಿರುವ ಗೆದ್ದವನನ್ನೇ ಕೇಳಿ: "ನಾನು ಎಂತ ಮಾಡ್ತೇನೆ ಅಂತ ನಿಂಗೆ ಹೇಗೆ ಗೊತ್ತಾಯ್ತು ಮಾರಾಯಾ?" ಬರುವ ಉತ್ತರ ಯಾವ ವಿಡಿಯೋದಲ್ಲೂ ಸಿಗುವುದಿಲ್ಲ.

ಮನೆಯಿಂದ ಆನ್‌ಲೈನ್ ಆಡುವವರಿಗೆ ಒಂದೆರಡು ಮಾತು. ಈ ಎರಡೂ ಆಟಗಳಲ್ಲಿ ರೋಲ್‌ಬ್ಯಾಕ್ ಎಂಬ ವ್ಯವಸ್ಥೆ ಇದೆ. ಎದುರಿನವರು ಒತ್ತಿದ ಗುಂಡಿಯ ಸುದ್ದಿ ಬರುವ ತನಕ ಆಟ ಊಹೆಯ ಮೇಲೆ ಮುಂದೆ ಹೋಗುತ್ತದೆ, ಊಹೆ ತಪ್ಪಾಗಿದ್ದರೆ ಹಿಂದೆ ಹೋಗಿ ಸರಿಪಡಿಸುತ್ತದೆ. ನೆಟ್ ಸ್ವಲ್ಪ ನಿಧಾನವಿದ್ದರೂ ಒಂದೇ ಸಮ ಇದ್ದರೆ ನಡೆಯುತ್ತದೆ. ಏರಿಳಿತ ಇದ್ದರೆ ಆಟವೇ ಕುಪ್ಪಳಿಸುತ್ತದೆ. ಆದ್ದರಿಂದ ವೈಫೈ ಬಿಟ್ಟು ರೂಟರಿನಿಂದ ಕೇಬಲ್ ಎಳೆಯಿರಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವಿನ ತಡ ಕಡಿಮೆಯಾಗುತ್ತದೆ. ಕರಾವಳಿಯ ಉಪ್ಪುಗಾಳಿಗೂ ಜೂನ್, ಜುಲೈನ ಥಂಡಿಗೂ ಕಂಟ್ರೋಲರ್ ಹೊರಗೆ ಬಿಟ್ಟರೆ ಗುಂಡಿ ಅಂಟುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜತೆ ಡಬ್ಬಿಗೆ ಹಾಕಿಡಿ. ಗುಡುಗು ಶುರುವಾದ ಮೇಲೆ ರ್‍ಯಾಂಕಿನ ಪಂದ್ಯಕ್ಕೆ ಇಳಿಯಲೇ ಬೇಡಿ. ನಡುವೆ ಕರೆಂಟು ಹೋಗುವುದು ಖಾತ್ರಿ.

ಕೇಳುತ್ತಿರುವ ಅಪ್ಪ ಅಮ್ಮಂದಿರಿಗೆ: ಇದು ದುಡ್ಡು ಕಟ್ಟಿ ಆಡುವ ಜೂಜಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದಡಿ ತಂದಿತು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರ್ 5 ಪದಕದ ಸ್ಪರ್ಧೆಯಾಗಿತ್ತು, ನಮ್ಮ ದೇಶದವರೂ ಆಡಿದ್ದರು. ಹಾಗೆಂದು ಇದರಿಂದ ಹೊಟ್ಟೆ ಹೊರೆಯಬಹುದು ಎಂದು ನಾನು ಹೇಳುವುದಿಲ್ಲ. ಪರೀಕ್ಷೆ ಪರೀಕ್ಷೆಯೇ.

ಕೊನೆಗೆ, ವಯಸ್ಸಾಯಿತು, ಆ ಕೋಲು ತಿರುಗಿಸುವುದು ಕೈಗೆ ಬರುವುದಿಲ್ಲ ಎನ್ನುವವರಿಗೆ. ಸ್ಟ್ರೀಟ್ ಫೈಟರ್ 6ರಲ್ಲಿ ಮಾಡರ್ನ್ ಎಂಬ ನಿಯಂತ್ರಣವಿದೆ. ಕಷ್ಟದ ಹೊಡೆತಗಳು ಒಂದು ದಿಕ್ಕು, ಒಂದು ಗುಂಡಿಗೆ ಬಂದುಬಿಡುತ್ತವೆ. ಹಾಗೆ ಸುಲಭದಲ್ಲಿ ಹೊಡೆದ ಹೊಡೆತಕ್ಕೆ ಶೇಕಡಾ 20ರಷ್ಟು ಪೆಟ್ಟು ಕಡಿಮೆ, ಅಷ್ಟೇ. ಹುಡುಗರು ಇದನ್ನು ಕಂಡರೆ ನಗುತ್ತಾರೆ. ನಗಲಿ. ಅವರು ಜಿಗಿದು ಬರುವಾಗ ಕಣ್ಣಿಟ್ಟು ಕಾದಿದ್ದು ಆ ಒಂದು ಗುಂಡಿ ಒತ್ತಿ, ಪುನಃ ಜಿಗಿದರೆ ಪುನಃ ಒತ್ತಿ.

ನಮಸ್ಕಾರ.