ಇದನ್ನು ಯಾರಿಂದ ಕಲಿತಿರಿ?

ಎಲ್ಲರಿಗೂ ನಮಸ್ಕಾರ.

ಕೆಲಸದ ಮೇಲೆ ನಾನು ಐರ್ಲೆಂಡಿನ ಗಾಲ್ವೇ ಊರಿಗೆ ಹೋದಾಗ ಅಲ್ಲಿ ಡಿಸೆಂಬರ್ ತಿಂಗಳು. ಸಂಜೆ ನಾಲ್ಕೂವರೆಗೇ ಕತ್ತಲು, ಜೊತೆಗೆ ಜಡಿಮಳೆ. ಒಂದು ದಿನ ಕೆಲಸ ಮುಗಿಸಿ ಬರುವಾಗ ಒಂದು ಪಬ್ಬಿನೊಳಗಿಂದ ಪಿಟೀಲು ಕೇಳಿಸಿತು. ಒಳಗೆ ಹೋದೆ. ವೇದಿಕೆ ಇಲ್ಲ, ಮೈಕ್ ಇಲ್ಲ. ಮೂಲೆಯ ಮೇಜಿನ ಸುತ್ತ ಆರೇಳು ಜನ ಒಬ್ಬರಿಗೊಬ್ಬರು ಮುಖ ಮಾಡಿ ಕೂತು ನುಡಿಸುತ್ತಿದ್ದರು. ಕೇಳುವವರ ಕಡೆಗೆ ಬೆನ್ನು. ಇದನ್ನು ಅಲ್ಲಿ 'ಸೆಷನ್' ಅನ್ನುತ್ತಾರೆ.

ಮುಗಿದ ಮೇಲೆ ಕೊಳಲು ನುಡಿಸುತ್ತಿದ್ದ ಒಬ್ಬ ಅಜ್ಜನ ಹತ್ತಿರ ಹೋಗಿ ಕೇಳಿದೆ: ಯಾವ ಆಲ್ಬಮ್‌ನಿಂದ ಶುರು ಮಾಡಲಿ? ಅವರು ತಕ್ಷಣ ಹೆಸರು ಹೇಳಲಿಲ್ಲ. ಇವತ್ತು ನಿನಗೆ ಯಾವುದು ಹಿಡಿಸಿತು ಅಂತ ನನ್ನನ್ನೇ ಕೇಳಿದರು. ಉಳಿದವರೆಲ್ಲ ನಿಲ್ಲಿಸಿ ಆ ಗಾಳಿಚೀಲದ ವಾದ್ಯ, ಪೈಪ್, ಒಂದೇ ನುಡಿಯಿತಲ್ಲ, ಅದು ಅಂದೆ. ಅವರು ಗ್ಲಾಸಿನ ಕೆಳಗಿಡುವ ರಟ್ಟಿನ ಬಿಲ್ಲೆ ತೆಗೆದುಕೊಂಡು ಅದರ ಹಿಂದೆ ಮೂರು ಹೆಸರು ಬರೆದರು. 'ಇದು ಮುಗಿದ ಮೇಲೆ ಬಾ, ಮುಂದಿನದು ಹೇಳುತ್ತೇನೆ' ಅಂದರು. ಆ ಬಿಲ್ಲೆ ಈಗಲೂ ನನ್ನ ಹತ್ತಿರ ಇದೆ. ಕೆಲ್ಟಿಕ್ ಸಂಗೀತದ ಬಗ್ಗೆ ಇವತ್ತು ನಾನು ಆಡುವ ಮಾತೆಲ್ಲ ಅದರ ಸುತ್ತಲೇ.

ಮೊದಲು 'ಕೆಲ್ಟಿಕ್' ಅನ್ನುವ ಪದದ ಬಗ್ಗೆ. ಐರಿಷ್, ಸ್ಕಾಟಿಷ್ ಗೇಲಿಕ್, ಮ್ಯಾಂಕ್ಸ್, ವೆಲ್ಷ್, ಕಾರ್ನಿಷ್, ಬ್ರೆಟನ್ — ಈ ಆರು ಭಾಷೆಗಳು ಒಂದೇ ಕುಟುಂಬದವು. ಅವುಗಳ ನೆಲದ ಸಂಗೀತವನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಕೆಲ್ಟಿಕ್ ಸಂಗೀತ ಅನ್ನುತ್ತಾರೆ. ಸ್ಪೇನಿನ ಗಲೀಷಿಯಾದವರೂ ತಮ್ಮ ಬ್ಯಾಗ್‌ಪೈಪ್ ಹಿಡಿದು ಇದರೊಳಗೆ ಬರುತ್ತಾರೆ. ಆದರೆ ನುಡಿಸುವವರನ್ನು ಕೇಳಿದರೆ 'ನಾನು ಕ್ಲೇರ್ ಕಡೆಯ ಪಿಟೀಲು ನುಡಿಸುತ್ತೇನೆ', 'ನಮ್ಮದು ಡೊನಿಗಾಲ್ ಶೈಲಿ' ಅನ್ನುತ್ತಾರೆ. ಊರು ಹೇಳುತ್ತಾರೆ, ಇಲ್ಲ ಗುರುವಿನ ಹೆಸರು ಹೇಳುತ್ತಾರೆ.

ನಮ್ಮಲ್ಲಿ ತುಂಬಾ ಜನ ಈ ಸಂಗೀತಕ್ಕೆ ಬಂದದ್ದು ಎನ್ಯಾ ಅವರ ದನಿಯಿಂದ. ಅದು ಒಳ್ಳೆಯ ಬಾಗಿಲೇ. 1988ರ 'ವಾಟರ್‌ಮಾರ್ಕ್' ನನಗೂ ಇಷ್ಟ. ಅವರು ಬಂದದ್ದು ಡೊನಿಗಾಲ್‌ನ ಗ್ವೀಡೋರ್ ಅನ್ನುವ ಐರಿಷ್ ಮಾತಾಡುವ ಊರಿನಿಂದ. ಅವರ ಅಕ್ಕ, ಅಣ್ಣಂದಿರು, ಸೋದರಮಾವಂದಿರು ಸೇರಿ ಕಟ್ಟಿದ ತಂಡ ಕ್ಲ್ಯಾನಡ್. ಎನ್ಯಾ ಹಿಡಿಸಿದವರು ಕ್ಲ್ಯಾನಡ್‌ನ 1970ರ ದಶಕದ ಆಲ್ಬಮ್‌ಗಳನ್ನು ಕೇಳಿ. ಅಲ್ಲಿ ಹಾರ್ಪ್ ಇದೆ, ಕೊಳಲು ಇದೆ, ಊರಿನ ಹಾಡುಗಳಿವೆ. ಆದರೆ ಕಾಡು, ಮಂಜು, ಚಂದ್ರನ ಚಿತ್ರ ಹಾಕಿ 'ಮನಸ್ಸಿಗೆ ನೆಮ್ಮದಿ' ಅಂತ ಮಾರುವ ಸಂಗ್ರಹಗಳಿಂದ ಶುರು ಮಾಡಬೇಡಿ. ಅವುಗಳಲ್ಲಿ ನುಡಿಸಿದವರ ಹೆಸರೇ ಇರುವುದಿಲ್ಲ. ಹೆಸರಿಲ್ಲದಿದ್ದರೆ ಮುಂದಿನ ದಾರಿ ಸಿಗುವುದಿಲ್ಲ.

ಇನ್ನು ಬಿಲ್ಲೆಗೆ ಬರೋಣ. ಮೊದಲ ಹೆಸರು ಪ್ಲ್ಯಾಂಕ್ಸ್ಟಿ, 1973.

ಕ್ರಿಸ್ಟಿ ಮೂರ್ ಅನ್ನುವ ಹಾಡುಗಾರ ಕಿಲ್ಡೇರ್ ಜಿಲ್ಲೆಯ ಪ್ರಾಸ್ಪರಸ್ ಅನ್ನುವ ಹಳ್ಳಿಯಲ್ಲಿ ಗೆಳೆಯರನ್ನು ಸೇರಿಸಿ ಒಂದು ಆಲ್ಬಮ್ ಮಾಡಿದರು. 1972ರಲ್ಲಿ ಹೊರಬಂದ ಆ ಆಲ್ಬಮ್‌ಗೂ ಹಳ್ಳಿಯದ್ದೇ ಹೆಸರು. ಅಲ್ಲಿ ಜೊತೆಗೂಡಿದ ಡೋನಲ್ ಲನಿ, ಆ್ಯಂಡಿ ಅರ್ವಿನ್, ಲಿಯಮ್ ಓಫ್ಲಿನ್ ಮತ್ತು ಮೂರ್, ಈ ನಾಲ್ವರೇ ಪ್ಲ್ಯಾಂಕ್ಸ್ಟಿ. ಅವರ ಮೊದಲ ಆಲ್ಬಮ್‌ಗೆ ತಂಡದ್ದೇ ಹೆಸರು. ಕಪ್ಪು ಹೊದಿಕೆ ಇರುವುದರಿಂದ ಅಭಿಮಾನಿಗಳು ಸುಮ್ನೆ 'ಬ್ಲ್ಯಾಕ್ ಆಲ್ಬಮ್' ಅನ್ನುತ್ತಾರೆ.

ಅದರ ಮೊದಲ ಹಾಡು 'ರ್‍ಯಾಗಲ್ ಟ್ಯಾಗಲ್ ಜಿಪ್ಸಿ'. ದೊಡ್ಡ ಮನೆಯ ಹೆಂಡತಿಯೊಬ್ಬಳು ಗಂಡ, ಮನೆ, ಮೆತ್ತನೆಯ ಹಾಸಿಗೆ ಎಲ್ಲ ಬಿಟ್ಟು ಅಲೆಮಾರಿಗಳ ಜೊತೆ ಹೊರಟುಹೋಗುವ ಕಥೆ. ಹಾಡು ಮುಗಿಯುವ ಹೊತ್ತಿಗೆ ತಂತಿವಾದ್ಯಗಳು ನಿಲ್ಲುವುದೇ ಇಲ್ಲ. ಹಾಗೇ ನಡೆದು ಹಳೆಯ ಹಾರ್ಪ್ ಮಟ್ಟೊಂದರ ಒಳಗೆ ಹೋಗುತ್ತವೆ. ಕುರುಡ ಹಾರ್ಪ್‌ಗಾರ ರೂರಿ ಡಾಲ್ ಓ ಕಹಾನ್ ಅವರದೆನ್ನುವ ಮಟ್ಟು ಅದು. 'ನಿನ್ನ ಕೈ ಕೊಡು' ಅಂತ ಅದರ ಹೆಸರು. ಆಮೇಲೆ ಓಫ್ಲಿನ್ ಅವರ ಪೈಪ್ ಎದ್ದು ಬರುತ್ತದೆ. ನಾನು ಇದನ್ನು ಮೊದಲ ಸಲ ಕೇಳಿದಾಗ ಬಾಡಿಗೆ ರೂಮಿನಲ್ಲಿ ಒಬ್ಬನೇ ಇದ್ದೆ. ಎದ್ದು ನಿಂತುಬಿಟ್ಟೆ.

ಮೂರ್ ಈ ಹಾಡನ್ನು ಕಲಿತದ್ದು ಜಾನ್ ರೈಲಿ ಅನ್ನುವವರಿಂದ. ರೈಲಿ ಅಲೆಮಾರಿ ಸಮುದಾಯದವರು, ತಗಡಿನ ಕೆಲಸ ಮಾಡುತ್ತಿದ್ದವರು. ರೊಸ್ಕಾಮನ್ ಜಿಲ್ಲೆಯ ಬಾಯ್ಲ್ ಊರಿನಲ್ಲಿ ಕಡು ಬಡತನದಲ್ಲಿ ಬದುಕಿದ್ದರು. ಟಾಮ್ ಮನೆಲಿ ಅನ್ನುವ ಸಂಗ್ರಾಹಕರು ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಬಾಯಿಂದ ಬಾಯಿಗೆ ಬಂದು ಎಂದೋ ಕಳೆದುಹೋಯಿತು ಅಂದುಕೊಂಡಿದ್ದ ಒಂದು ಹಳೆಯ ಕಥನಗೀತೆಯೂ ಅವರ ನೆನಪಿನಲ್ಲಿತ್ತು. ಪ್ಲ್ಯಾಂಕ್ಸ್ಟಿ ತಮ್ಮ ಎರಡನೇ ಆಲ್ಬಮ್‌ಗೆ ಆ ಹಾಡಿನ ಹೆಸರನ್ನೇ ಇಟ್ಟರು: 'ದ ವೆಲ್ ಬಿಲೋ ದ ವ್ಯಾಲಿ'. ರೈಲಿ 1969ರಲ್ಲೇ ತೀರಿಕೊಂಡಿದ್ದರು. ಅವರ ಸ್ವಂತ ದನಿಯ ಆಲ್ಬಮ್ 'ದ ಬಾನಿ ಗ್ರೀನ್ ಟ್ರೀ' ಹೊರಬಂದದ್ದು 1978ರಲ್ಲಿ, ಅವರು ಸತ್ತು ಒಂಬತ್ತು ವರ್ಷದ ಮೇಲೆ.

ಟಾಮ್ ಮನೆಲಿ ರೈಲಿಯವರ ಹತ್ತಿರ ಹೋಗದಿದ್ದರೆ? ಮೂರ್ ಆ ಹಾಡುಗಳನ್ನು ಕೇಳದಿದ್ದರೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅಭಿಮಾನಿಯೊಬ್ಬ ಇನ್ನೊಬ್ಬನಿಗೆ 'ಇದನ್ನು ಕೇಳು' ಅಂತ ಹೇಳುವುದು ಈ ಸಂಗೀತದ ಹೊರಗಿನ ಕೆಲಸ ಅಲ್ಲವೇ ಅಲ್ಲ. ಸಂಗೀತ ಬದುಕಿ ಬಂದ ದಾರಿಯೇ ಅದು. ಸೆಷನ್‌ನಲ್ಲಿ ಹೊಸ ಮಟ್ಟು ಕೇಳಿಸಿದರೆ ಯಾರೂ ಮೊದಲು ರಾಗದ ಹೆಸರು ಕೇಳುವುದಿಲ್ಲ. 'ಇದನ್ನು ಯಾರಿಂದ ಕಲಿತಿರಿ?' ಅನ್ನುತ್ತಾರೆ. ಎಷ್ಟೋ ಮಟ್ಟುಗಳಿಗೆ ಅದನ್ನು ನುಡಿಸುತ್ತಿದ್ದವರ ಹೆಸರೇ ಅಂಟಿಕೊಂಡಿದೆ. ಅಕಾರ್ಡಿಯನ್ ನುಡಿಸುತ್ತಿದ್ದ ಜೋ ಕೂಲಿ ಹೆಸರಿನ 'ಕೂಲೀಸ್', ರೀಲ್ ಅನ್ನುವ ಬಗೆಯ ಕುಣಿತದ ಮಟ್ಟು, ಈಗ ಐರಿಷ್ ಸೆಷನ್ ಇರುವ ಕಡೆಯಲ್ಲೆಲ್ಲ ಇದೆ.

ಪೈಪ್ ಬಗ್ಗೆ ಒಂದಿಷ್ಟು ಹೇಳಲೇಬೇಕು. ನಮ್ಮ ಸೈನ್ಯದ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ನೋಡಿದ್ದೀರಿ ಅಲ್ವಾ, ಅದು ಸ್ಕಾಟ್‌ಲೆಂಡಿನದು. ಬಾಯಲ್ಲಿ ಊದುತ್ತಾರೆ, ಬಯಲಿನ ವಾದ್ಯ. ಐರ್ಲೆಂಡಿನ ಇಲಿನ್ ಪೈಪ್ ಬೇರೆ. ಕೂತು ನುಡಿಸುತ್ತಾರೆ. ಬಲ ಮೊಣಕೈ ಕೆಳಗೆ ಕಮ್ಮಾರನ ತಿದಿಯಂಥದ್ದೇ ಸಣ್ಣ ತಿದಿ ಇರುತ್ತದೆ, ಗಾಳಿ ಬರುವುದು ಅದರಿಂದ. ಚೀಲ ಎಡ ತೋಳಿನ ಕೆಳಗೆ. 'ಇಲಿನ್' ಅಂದರೆ ಮೊಣಕೈ. ದನಿ ಮೆತ್ತಗೆ, ಎರಡು ಸ್ಥಾಯಿಯಲ್ಲಿ ಓಡಾಡುತ್ತದೆ. ಏಳು ವರ್ಷ ಕಲಿಯಬೇಕು, ಏಳು ವರ್ಷ ಸಾಧನೆ ಮಾಡಬೇಕು, ಏಳು ವರ್ಷ ನುಡಿಸಬೇಕು, ಆಗ ಒಬ್ಬ ಪೈಪರ್ ಆಗುತ್ತಾನೆ ಅಂತ ಅಲ್ಲಿ ಮಾತಿದೆ. ಓಫ್ಲಿನ್ ಅವರ ಗುರು ಲಿಯೊ ರೌಸಮ್. ಕ್ಲಾಡಾ ಅನ್ನುವ ಧ್ವನಿಮುದ್ರಿಕೆ ಕಂಪನಿಯ ಮೊಟ್ಟಮೊದಲ ಆಲ್ಬಮ್, 1959ರದ್ದು, ಈ ರೌಸಮ್ ಅವರದೇ. ಇನ್ನೊಬ್ಬ ಹಿರಿಯ ಪೈಪರ್ ಶೇಮಸ್ ಎನಿಸ್ 1982ರಲ್ಲಿ ತೀರಿಕೊಂಡಾಗ ತಮ್ಮ ಪೈಪನ್ನು ಓಫ್ಲಿನ್‌ಗೆ ಬಿಟ್ಟುಹೋದರು. ಹೆಸರು ಹಿಡಿದು ಹೋದರೆ ಹೀಗೆ ಒಂದರ ಹಿಂದೆ ಒಂದು ಬಾಗಿಲು ತೆರೆಯುತ್ತದೆ.

ಬಿಲ್ಲೆಯ ಎರಡನೇ ಹೆಸರು ಬೋಥಿ ಬ್ಯಾಂಡ್, 1975. ಇದಕ್ಕೆ ಕಿವಿ ಸಿದ್ಧ ಮಾಡಿಕೊಳ್ಳಬೇಕು. ನಮಗೆ ಅದು ಕಷ್ಟವಲ್ಲ. ಕುಣಿತದ ಮಟ್ಟುಗಳಲ್ಲಿ ಜಿಗ್ ಅಂದರೆ 'ತಕಿಟ ತಕಿಟ'. ರೀಲ್ ಅಂದರೆ 'ತಕದಿಮಿ ತಕದಿಮಿ'. ಮಟ್ಟಿಗೆ ಸಾಮಾನ್ಯವಾಗಿ ಎರಡು ಭಾಗ, ಒಂದೊಂದು ಭಾಗ ಎರಡೆರಡು ಸಲ. ಇಡೀ ಮಟ್ಟನ್ನು ಎರಡು ಮೂರು ಸುತ್ತು ನುಡಿಸಿ, ನಿಲ್ಲಿಸದೆ ಇನ್ನೊಂದಕ್ಕೆ ದಾಟುತ್ತಾರೆ. ಆ ದಾಟುವ ಜಾಗ ಇದೆಯಲ್ಲ, ಅಲ್ಲಿ ಶ್ರುತಿಯೂ ಬದಲಾದರೆ ಪಬ್ಬಿನಲ್ಲಿ ಜನ ಕೂಗಿಬಿಡುತ್ತಾರೆ. ಬೋಥಿ ಬ್ಯಾಂಡ್‌ನ ಮೊದಲ ಆಲ್ಬಮ್ ಶುರುವಾಗುವುದೇ ಅಂಥ ಜಿಗ್‌ಗಳ ಮಾಲೆಯಿಂದ. ಪ್ಯಾಡಿ ಕೀನನ್ ಪೈಪ್, ಮ್ಯಾಟ್ ಮಲಾಯ್ ಕೊಳಲು, ಟಾಮಿ ಪೀಪಲ್ಸ್ ಪಿಟೀಲು, ಹಿಂದಿನಿಂದ ಡೋನಲ್ ಲನಿಯ ಬಜೂಕಿ. ಬಜೂಕಿ ಗ್ರೀಸಿನ ವಾದ್ಯ. ಐರ್ಲೆಂಡಿಗೆ ಅದು ಕಾಲಿಟ್ಟದ್ದು 1960ರ ದಶಕದಲ್ಲಿ, ಜಾನಿ ಮೊಯ್ನಿಹನ್ ಅವರ ಕೈಯಲ್ಲಿ. ಈಗ ಅದಿಲ್ಲದ ತಂಡವೇ ಅಪರೂಪ. ಪಿಟೀಲು ನಮ್ಮ ಕಛೇರಿಗೆ ಬಂದು ನಮ್ಮದೇ ಆದ ಹಾಗೆ.

ಮೂರನೇ ಹೆಸರಿನ ಪಕ್ಕ ಅಜ್ಜ ಗೆರೆ ಎಳೆದಿದ್ದರು: ಮಾರ್ಟಿನ್ ಹೇಸ್. ಪೂರ್ವ ಕ್ಲೇರ್‌ನ ಫೀಕಲ್ ಕಡೆಯವರು. ಅವರ ತಂದೆ ಪಿ.ಜೆ. ಹೇಸ್ ಟುಲ್ಲಾ ಕೇಲಿ ಬ್ಯಾಂಡನ್ನು ವರ್ಷಗಟ್ಟಲೆ ನಡೆಸಿದವರು. ಬೋಥಿ ಬ್ಯಾಂಡ್ ಮಳೆಗಾಲದ ಹೊಳೆಯಾದರೆ ಹೇಸ್ ಕೆರೆಯ ನೀರು. ಕುಣಿತದ ಅದೇ ರೀಲನ್ನು ಎಷ್ಟು ನಿಧಾನ ಮಾಡುತ್ತಾರೆ ಅಂದರೆ ಒಂದೊಂದು ಸ್ವರದ ಒಳಗಿನ ನೋವು ಕಾಣುತ್ತದೆ. 1997ರ 'ದ ಲೋನ್ಸಮ್ ಟಚ್' ಕೇಳಿ. ಆಮೇಲೆ 1999ರ 'ಲೈವ್ ಇನ್ ಸಿಯಾಟಲ್'. ಅದರಲ್ಲಿ ಅರ್ಧ ಗಂಟೆಗೆ ಹತ್ತಿರದ ಒಂದು ಮಾಲೆ ಇದೆ. ಒಂದೇ ಪಿಟೀಲು, ಒಂದೇ ಗಿಟಾರ್. ಗಿಟಾರ್ ಶಿಕಾಗೋದ ಡೆನಿಸ್ ಕೇಹಿಲ್ ಅವರದು. ಎಷ್ಟು ಕಡಿಮೆ ನುಡಿಸಿದರೆ ಸಾಕು ಅನ್ನುವುದನ್ನು ಅವರಷ್ಟು ಬಲ್ಲವರು ಕಡಿಮೆ. 2022ರಲ್ಲಿ ಅವರು ತೀರಿಕೊಂಡರು. ಈ ಆಲ್ಬಮ್ ಅನ್ನು ನಾನು ಎಷ್ಟು ಜನರಿಗೆ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಕಛೇರಿ ಕೇಳಿ ಬೆಳೆದವರಿಗೆ ಇದು ಬೇಗ ಹತ್ತಿರವಾಗುತ್ತದೆ. ನಿಧಾನದಿಂದ ಹೊರಟು, ಕಾಯಿಸಿ, ಕೊನೆಗೆ ವೇಗಕ್ಕೆ ಬರುವ ದಾರಿ ನಮಗೆ ಗೊತ್ತಿರುವುದೇ.

ಹಳೆಯ ಧ್ವನಿಮುದ್ರಿಕೆಗಳ ಕರಕರ ಸದ್ದಿಗೆ ಹೆದರದವರು ಸ್ಲೈಗೊ ಜಿಲ್ಲೆಯ ಮೈಕಲ್ ಕೋಲ್ಮನ್ ಅವರನ್ನು ಹುಡುಕಿ. 1914ರಲ್ಲಿ ಅಮೆರಿಕಕ್ಕೆ ಹೋದವರು, 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಪಿಟೀಲಿನ ತಟ್ಟೆಗಳನ್ನು ಮಾಡಿದರು. ಅಲ್ಲಿಗೆ ದುಡಿಯಲು ಹೋದವರು ಆ ತಟ್ಟೆಗಳನ್ನು ಊರಿಗೆ ಕಳಿಸಿದರು. ಊರಿನಲ್ಲಿ ಗ್ರಾಮಫೋನ್ ಇದ್ದ ಮನೆಗೆ ಸುತ್ತಲಿನವರೆಲ್ಲ ಸೇರಿದರು. ಬೇರೆ ಜಿಲ್ಲೆಯ ಪಿಟೀಲುಗಾರರೂ ಕೋಲ್ಮನ್ ಹಾಗೆ ನುಡಿಸತೊಡಗಿದರು. ಕೆಲವು ಊರಿನ ಶೈಲಿಗಳು ಅದರಿಂದ ಸೊರಗಿದವು, ಅದೂ ನಿಜ. ಒಂದು ಶಿಫಾರಸಿಗೆ ಅಷ್ಟು ಬಲ ಇದೆ. ಹಾಗಾಗಿ ಒಬ್ಬರ ಹೆಸರು ಹೇಳುವಾಗ ಪಕ್ಕದ ಊರಿನವರ ಹೆಸರನ್ನೂ ಹೇಳಬೇಕು ಅನ್ನಿಸುತ್ತದೆ ನನಗೆ. ಕೋಲ್ಮನ್ ಜೊತೆಗೆ ಕೆರ್ರಿ–ಕಾರ್ಕ್ ಗಡಿಯ ಸ್ಲೀವ್ ಲೂಕ್ರ ಕಡೆಯ ಡೆನಿಸ್ ಮರ್ಫಿ, ಜೂಲಿಯಾ ಕ್ಲಿಫರ್ಡ್ ಕೇಳಿ. ಅಣ್ಣತಂಗಿಯರು. 1969ರ 'ದ ಸ್ಟಾರ್ ಅಬವ್ ದ ಗಾರ್ಟರ್' ಅವರದು. ಅದರಲ್ಲಿ ಪೋಲ್ಕಾ, ಸ್ಲೈಡ್ ಅನ್ನುವ ಕುಣಿತದ ಮಟ್ಟುಗಳು ಜಾಸ್ತಿ.

ಹಾಡುಗಾರಿಕೆಯೇ ಬೇಕು ಅನ್ನುವವರಿಗೆ ಕಾನಮಾರಾದ ಜೋ ಹೀನಿ. ಯಾವ ಪಕ್ಕವಾದ್ಯವೂ ಇಲ್ಲ, ಬರೀ ದನಿ. ಇದು 'ಶಾನ್ ನೋಸ್', ಅಂದರೆ ಹಳೆಯ ರೀತಿ. ಒಮ್ಮೆ ಇಂಥ ಹಾಡು ನಡೆಯುವಾಗ ಪಕ್ಕದಲ್ಲಿ ಕೂತವರೊಬ್ಬರು ಹಾಡುಗಾರನ ಕೈ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದುದನ್ನು ನೋಡಿದೆ. ಅದು ಅಲ್ಲಿನ ಪದ್ಧತಿಯಂತೆ. ಹಾಡುವವನನ್ನು ಒಬ್ಬನೇ ಬಿಡಬಾರದು ಅನ್ನುವ ಹಾಗೆ ಕಂಡಿತು.

ಐರ್ಲೆಂಡಿನ ಆಚೆಗೂ ಎರಡು ಮಾತು. ಸ್ಕಾಟ್‌ಲೆಂಡಿನ ನಾರ್ತ್ ಯೂಯಿಸ್ಟ್ ದ್ವೀಪದ ಜೂಲಿ ಫೌಲಿಸ್ ಗೇಲಿಕ್‌ನಲ್ಲಿ ಹಾಡುತ್ತಾರೆ. 2005ರ ಅವರ ಮೊದಲ ಆಲ್ಬಮ್ ಚೆನ್ನಾಗಿದೆ. ಅವರ ಕೈಯಲ್ಲಿ ನಮ್ಮ ಶ್ರುತಿ ಪೆಟ್ಟಿಗೆ ನೋಡಿ ನನಗೆ ಕಣ್ಣು ತುಂಬಿತ್ತು. ಅಲ್ಲಿನ ಹೆಂಗಸರು ಒದ್ದೆ ಉಣ್ಣೆಬಟ್ಟೆಯನ್ನು ಮೇಜಿಗೆ ಬಡಿಯುತ್ತಾ ಹಾಡುತ್ತಿದ್ದ ಪದಗಳನ್ನೂ ಹುಡುಕಿ. ಒಬ್ಬಾಕೆ ಸಾಲು ಎತ್ತುತ್ತಾಳೆ, ಉಳಿದವರು ಹಿಂದೆ ದನಿಗೂಡಿಸುತ್ತಾರೆ. ಫ್ರಾನ್ಸಿನ ಬ್ರಿಟನಿಯಲ್ಲಿ ಅಲನ್ ಸ್ಟಿವೆಲ್ ಇದ್ದಾರೆ. ಮರೆತುಹೋಗಿದ್ದ ಹಾರ್ಪನ್ನು ಅವರ ತಂದೆ 1953ರಲ್ಲಿ ಮತ್ತೆ ತಮ್ಮ ಕೈಯಾರೆ ಮಾಡಿ ಮಗನಿಗೆ ಕೊಟ್ಟರು. ಆ ಮಗ 1971ರಲ್ಲಿ ಮಾಡಿದ ಹಾರ್ಪ್ ಆಲ್ಬಮ್ ಕೇಳಿಯೇ ಎಷ್ಟೋ ಜನ ಆ ವಾದ್ಯ ಕೈಗೆತ್ತಿಕೊಂಡರು.

ಇವುಗಳಿಗೂ ನಮಗೂ ಏನು ಸಂಬಂಧ ಅಂತ ಕೇಳಬಹುದು. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು ನಿಮ್ಮ ಮಕ್ಕಳು ಹಾಡಿರಬಹುದು. ಚೆನ್ನೈನ ಕೋಟೆಯ ಬ್ಯಾಂಡ್ ನುಡಿಸುತ್ತಿದ್ದ ಮಟ್ಟುಗಳನ್ನು ಕೇಳಿ ಅವರು ಸಂಸ್ಕೃತದ ಸಾಹಿತ್ಯ ಹಾಕಿದರು. 'ವಂದೇ ಮೀನಾಕ್ಷಿ' ಅವುಗಳಲ್ಲಿ ಒಂದು. ಅದು ಐರಿಷ್ ಮಟ್ಟು. ಇನ್ನೂರು ವರ್ಷದ ಹಿಂದೆಯೇ ಯಾವನೋ ಬ್ಯಾಂಡಿನವನ ಕೈಯಿಂದ ದೀಕ್ಷಿತರ ಕಿವಿಗೆ, ಅಲ್ಲಿಂದ ನಮ್ಮ ಮನೆಗಳಿಗೆ ಬಂದುಬಿಟ್ಟಿದೆ.

ನಿಮಗೆ ನನ್ನ ಕೋರಿಕೆ ಇಷ್ಟೇ. ಇಪ್ಪತ್ತು ಹೆಸರು ಬರೆದುಕೊಂಡು ಹೋಗಬೇಡಿ. ಒಂದು ಆಲ್ಬಮ್ ತೆಗೆದುಕೊಳ್ಳಿ, ಎರಡು ವಾರ ಅದನ್ನೇ ಕೇಳಿ. ಅದರ ಜೊತೆ ಬರುವ ಬರಹ ಓದಿ. ಈ ಮಟ್ಟು ಇಂಥವರಿಂದ ಬಂತು ಅಂತ ಅದರಲ್ಲಿ ಬರೆದಿರುತ್ತಾರೆ. ಆ ಹೆಸರನ್ನು ಹುಡುಕಿ. ಆಮೇಲೆ ನನ್ನ ಹತ್ತಿರ ಬನ್ನಿ, ನಿಮಗೆ ಯಾವುದು ಹಿಡಿಸಿತು ಅಂತ ಮೊದಲು ಹೇಳಿ.

ಈಗ ಎರಡು ಹಾಡು ಹಾಕುತ್ತೇನೆ. ಮೊದಲು ಜಾನ್ ರೈಲಿ, ಬರೀ ದನಿ. ಅದು ಮುಗಿದ ತಕ್ಷಣ ಅದೇ ಹಾಡು ಪ್ಲ್ಯಾಂಕ್ಸ್ಟಿಯವರದು. ದಯವಿಟ್ಟು ಮಧ್ಯದಲ್ಲಿ ಚಪ್ಪಾಳೆ ಬೇಡ. ಹಾಡು ನಿಂತು ಹಾರ್ಪ್ ಮಟ್ಟು ಶುರುವಾಗುವ ಜಾಗಕ್ಕೆ ಕಿವಿಗೊಡಿ. ಪೈಪ್ ಸ್ವಲ್ಪ ತಡವಾಗಿ ಬರುತ್ತದೆ.